ಕುಂಬಳ ಕಟ್ಟಿ ಮ್ಯಾಲೂ ಇರಲಿ, ಕಡಾಯಿಗೂ ಬರಲಿ

ಅಕ್ಟೋಬರ್ ಬಂತೆಂದರೆ ನಾನಿರುವ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಮನೆಮನೆಯ ಕಟ್ಟೆಯ ಮೇಲೂ ಕುಂಬಳಕಾಯಿ ಬಂದು ಕೂಡುತ್ತವೆ. ಅಮೆರಿಕದಲ್ಲಿ ಅತಿ ಹೆಚ್ಚು ಕುಂಬಳ ಬೆಳೆಯುವ ರಾಜ್ಯ ಇದೇ. ಪಕ್ಕದ ಮಾರ್ಟನ್ ಊರಂತೂ ತಾನೇ ಜಗತ್ತಿನ ಕುಂಬಳದ ರಾಜಧಾನಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಕುಂಬಳದ ಬದಿಗೆ ಒಣಗಿದ ಗೋವಿನಜೋಳದ ಕಣಕಿ, ಹುಲ್ಲಿನ ಪೆಂಡಿ, ಕುಂಡದ ತುಂಬ ಸೇವಂತಿಗೆ, ಬಾಗಿಲಿಗೆ ಒಣ ಎಲೆಗಳನ್ನು ಸುತ್ತಿ ಕಟ್ಟಿದ ಬಳೆ. ವಿಜಯಪುರ ಜಿಲ್ಲೆಯ ತಾಳಿಕೋಟಿ ಕಡೆಯ ನನ್ನಂಥವನಿಗೆ ಕಣಕಿ, ಕುಂಬಳ, ಸೇವಂತಿಗೆ ಮೂರೂ ಹುಟ್ಟಿದಾಗಿನಿಂದ ಕಂಡವೇ. ಆದರೂ ಈ ಸಿಂಗಾರ ನಮ್ಮದಲ್ಲ ಅನಿಸುತ್ತದೆ. ಯಾಕೆ ಹಾಗನಿಸುತ್ತದೆ ಎಂದು ಬಹಳ ಸಲ ಯೋಚಿಸಿದ್ದೇನೆ.

ಇಲ್ಲಿಯ ಶರತ್ಕಾಲ ವರ್ಷದ ಮುಗಿತಾಯ. ಬೆಳೆ ಒಳಗೆ ಬಂತು, ಅಕ್ಟೋಬರ್ ನಡುವಿನ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟುತ್ತದೆ, ಟೊಮ್ಯಾಟೊ ಬಳ್ಳಿ ಒಂದೇ ರಾತ್ರಿಯಲ್ಲಿ ಕಪ್ಪಾಗಿ ಜೋತುಬೀಳುತ್ತದೆ. ಅಂಗಳದಲ್ಲಿ ಇಟ್ಟಿರುವುದೆಲ್ಲ ಮುಗಿದ ಸುಗ್ಗಿಯ ಗುರುತು. ನಮ್ಮ ಡೋಣಿ ಹೊಳೆಯ ದಂಡೆಯಲ್ಲಿ ಇದೇ ತಿಂಗಳು ಬಿತ್ತುವ ಕಾಲ. ವಿಜಯಪುರಕ್ಕೆ ಮಳೆ ಹೆಚ್ಚು ಬೀಳುವುದೇ ಸೆಪ್ಟೆಂಬರಿನಲ್ಲಿ. ಆ ನೀರನ್ನು ಎರೆಭೂಮಿ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಒಂದು ಹನಿ ಬೀಳದಿದ್ದರೂ ಬಿಳಿಜೋಳ ಆ ಹಸಿಯ ಮೇಲೆಯೇ ಮಾಘದವರೆಗೆ ನಿಲ್ಲುತ್ತದೆ. ‘ಡೋಣಿ ಹರಿದರ ಓಣಿಯೆಲ್ಲಾ ಜೋಳ’ ಎಂದು ನಮ್ಮವರು ಹೇಳುವುದು ಈ ಹಿಂಗಾರಿಯನ್ನು ನೆಚ್ಚಿಕೊಂಡೇ. ದಸರೆಯ ಹೊತ್ತಿಗೆ ಮನೆಯ ಗಂಡಸರ ಕಾಲಿಗೆಲ್ಲ ಎರೆ ಮೆತ್ತಿರುತ್ತಿತ್ತು, ಪಡಸಾಲೆಯಲ್ಲಿ ಬೀಜದ ಚೀಲ ಬಿಚ್ಚಿರುತ್ತಿತ್ತು.

ಹಾಗಾಗಿ ನನ್ನ ಅನಿಸಿಕೆ ಇಷ್ಟು: ಹೊರನಾಡಿನಲ್ಲಿರುವ ನಾವು, ಅದರಲ್ಲೂ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರು, ಮನೆಯಲ್ಲಿ ಶರತ್ಕಾಲ ಮಾಡುವುದಾದರೆ ಬಿತ್ತುವುದನ್ನು ಬಿಡಬಾರದು. ಉಳಿದ ಸಿಂಗಾರ ಇಲ್ಲಿಯವರ ಹಾಗೆ ಆಗಲಿ, ಅದಕ್ಕೆ ನನ್ನ ತಕರಾರಿಲ್ಲ.

ಅಡುಗೆಯಿಂದಲೇ ಶುರು ಮಾಡುತ್ತೇನೆ. ಇಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿಗೆಂದು ಕುಂಬಳದ ತಿರುಳು ಬಗೆದು, ಕಣ್ಣು ಮೂಗು ಕೊರೆದು ಒಳಗೆ ದೀಪ ಇಡುತ್ತಾರೆ. ಮಕ್ಕಳ ಖುಷಿ ನೋಡುವ ಹಾಗಿರುತ್ತದೆ. ನವೆಂಬರ್ ಮೊದಲ ವಾರ ಅದೇ ಕುಂಬಳ ಕೊಳೆತು ಕಸದ ಡಬ್ಬಿ ಸೇರುತ್ತದೆ. ಅನ್ನ ಚೆಲ್ಲಿದರೆ ಬೈಸಿಕೊಂಡು ಬೆಳೆದವನಿಗೆ ಅದನ್ನು ನೋಡುವುದು ಕಷ್ಟ. ಇತ್ತೀಚೆಗೆ ಈ ರಾಜ್ಯದ ಹಲವು ಊರುಗಳಲ್ಲಿ ಹಬ್ಬ ಮುಗಿದ ಮೇಲೆ ಕುಂಬಳಗಳನ್ನು ಒಂದೆಡೆ ಕೂಡಿಸಿ, ಒಡೆದು, ಗೊಬ್ಬರಕ್ಕೆ ಹಾಕುತ್ತಿದ್ದಾರೆ. ಇದು ನಿಜಕ್ಕೂ ಒಳ್ಳೆಯ ಕೆಲಸ.

ನಮ್ಮಲ್ಲಿ ಕುಂಬಳ ಬಂದರೆ ಬೆಲ್ಲ ಹಾಕಿ ಕರಿದ ಗಾರಗಿ ಆಗಲೇಬೇಕು. ಕೊರೆಯಲು ಮಾರುವ ದೊಡ್ಡ ಕುಂಬಳ ಇದಕ್ಕೆ ಬರುವುದಿಲ್ಲ. ಅದರಲ್ಲಿ ನೀರು ಮತ್ತು ನಾರು ಜಾಸ್ತಿ, ಸಿಹಿ ಕಡಿಮೆ. ನಮ್ಮ ಸಂತೆಯ ಸಿಹಿಗುಂಬಳದ ಕುಲಕ್ಕೇ ಸೇರಿದ್ದು ಇಲ್ಲಿಯ ಬಟರ್‌ನಟ್. ಉದ್ದ ಕುತ್ತಿಗೆಯ, ಗೋಧಿ ಬಣ್ಣದ ತೊಗಟೆಯ ಕಾಯಿ. ಪಿಯೋರಿಯಾ ಸುತ್ತ ಬೆಳೆದು ಡಬ್ಬಿಗೆ ಹೋಗುವ ಡಿಕಿನ್ಸನ್ ಎಂಬ ಕುಂಬಳವೂ ಅದೇ ಕುಲದ್ದು. ಅಂದರೆ ಅಮೆರಿಕದವರ ಪಂಪ್ಕಿನ್ ಪೈ ಒಳಗಿರುವುದೂ ನಮ್ಮ ಗಾರಗಿಯ ಕುಂಬಳದ ದಾಯಾದಿಯೇ.

ಬಟರ್‌ನಟ್ ಸಿಪ್ಪೆ ತೆಗೆದು ಸಣ್ಣಗೆ ತುರಿಯಬೇಕು. ದಪ್ಪ ತಳದ ಪಾತ್ರೆಯಲ್ಲಿ ತುರಿ, ಕುಟ್ಟಿದ ಬೆಲ್ಲ ಎರಡನ್ನೂ ಹಾಕಿ ಸಣ್ಣ ಉರಿಯಲ್ಲಿಟ್ಟರೆ ಬೆಲ್ಲ ಕರಗಿ, ಕುಂಬಳ ತನ್ನ ನೀರು ಬಿಟ್ಟು, ಅದರಲ್ಲೇ ಬೇಯುತ್ತದೆ. ಹೊರಗಿನ ನೀರು ಒಂದು ಚಮಚವೂ ಬೇಡ. ಅದು ಪೂರಾ ಆರಿದ ಮೇಲೆ ಯಾಲಕ್ಕಿ, ಚಿಟಿಕೆ ಉಪ್ಪು, ಒಂದು ಹಿಡಿ ಅಕ್ಕಿಹಿಟ್ಟು, ಆಮೇಲೆ ಹಿಡಿಸಿದಷ್ಟು ಗೋಧಿಹಿಟ್ಟು. ಎಷ್ಟು ಹಿಡಿಸುತ್ತದೆ ಎಂದು ಅವ್ವನನ್ನು ಫೋನಿನಲ್ಲಿ ಕೇಳಿದರೆ, “ಕುಂಬಳದಾಗ ನೀರೆಷ್ಟು ಅದ ಅನ್ನೂದು ಕೈಗೆ ಗೊತ್ತಾಗ್ತದಪ್ಪ, ಅಳತಿ ಕೇಳಬ್ಯಾಡ” ಅನ್ನುತ್ತಾಳೆ. ಅವಳ ಮಾತು ಖರೆ. ಒಂದೊಂದು ಕಾಯಿಯ ನೀರು ಒಂದೊಂದು ತೆರ. ಎಣ್ಣೆ ಸವರಿದ ಹಾಳೆಯ ಮೇಲೆ ತಟ್ಟಿ, ಮೇಲೆ ಗಸಗಸೆ ಒತ್ತಿ, ಹದ ಉರಿಯಲ್ಲಿ ಕರಿಯಬೇಕು. ಎಣ್ಣೆ ಬಹಳ ಕಾದರೆ ಬೆಲ್ಲ ಹೊರಗೆ ಕರ್ರಗಾಗಿ ಒಳಗೆ ಹಸಿ ಉಳಿಯುತ್ತದೆ. ಬೀಜವನ್ನು ತೊಳೆದು ನೆರಳಲ್ಲಿ ಒಣಗಿಸಿ ಒಂದು ಪಾಲು ಹುರಿದು ತಿನ್ನುತ್ತೇವೆ, ಒಂದು ಪಾಲು ಮೇ ತಿಂಗಳಿಗೆ ಎತ್ತಿಡುತ್ತೇವೆ.

ಕುಂಬಳದ ಹುಟ್ಟೂರು ಅಮೆರಿಕ ಖಂಡ. ಶೇಂಗಾ, ಮೆಣಸಿನಕಾಯಿ, ಚೆಂಡು ಹೂವು ಎಲ್ಲವೂ ಆ ಖಂಡದಿಂದಲೇ ಕಡಲು ದಾಟಿ ನಮಗೆ ಬಂದವು. ಶೇಂಗಾ ಹೋಳಿಗೆ, ಕೆಂಪು ಖಾರ, ಬಾಗಿಲ ಚೆಂಡು ಹೂವಿನ ಸರ ಇಲ್ಲದ ವಿಜಯಪುರದ ದಸರೆಯನ್ನು ಇವತ್ತು ಯಾರೂ ಊಹಿಸಲಾರರು. ನಮ್ಮ ಆಯಿ ಮುತ್ಯಾರ ಹಿಂದಿನವರು ಬಂದ ಬೀಜವನ್ನು ಬಿತ್ತಿ, ತಮ್ಮ ಹಬ್ಬಕ್ಕೆ ಸೇರಿಸಿಕೊಂಡು, ತಮ್ಮದೇ ರುಚಿ ಮಾಡಿದರು. ನಾವು ಹೊರಗೆ ಬಂದವರು ಅವರಷ್ಟಾದರೂ ಧೈರ್ಯ ಮಾಡಬೇಡವೇ?

ಇನ್ನು ಘಟ್ಟದ ಮಾತು, ಅಂದರೆ ನವರಾತ್ರಿಗೆ ಗಡಿಗೆ ಕೂಡಿಸಿ ಸುತ್ತ ಕಾಳು ಬಿತ್ತುವ ಪದ್ಧತಿಯದು. ಮಹಾಲಯ ಅಮಾವಾಸ್ಯೆಗೆ ಮುಂಚೆ ಮನೆಯ ಹಾಸಿಗೆ ಕೌದಿಯೆಲ್ಲ ಹಳ್ಳಕ್ಕೆ ಹೋಗಿ ಒಗೆದು ಬರುತ್ತಿದ್ದವು, ಗೋಡೆ ಸಾರಿಸಿ ಸುಣ್ಣ ಆಗುತ್ತಿತ್ತು. ಪಾಡ್ಯದ ದಿನ ಹೊಲದ ಮಣ್ಣು ತಂದು, ಹೆಂಟೆ ಪುಡಿಮಾಡಿ, ಮುತ್ತಲ ಎಲೆಯ ಪತ್ರಾವಳಿಯ ಮೇಲೆ ಹರವಿ, ಜೋಳ, ಗೋಧಿ, ಕಡಲೆ, ಹೆಸರು ಎರಚಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ ಕೂಡಿಸುವುದು. ಗಡಿಗೆಯ ಬಾಯಿಗೆ ಐದು ವೀಳ್ಯದೆಲೆ, ಮೇಲೊಂದು ತೆಂಗಿನಕಾಯಿ, ಪಕ್ಕದಲ್ಲಿ ಆರದ ದೀಪ, ಮೇಲಿನಿಂದ ದಿನಕ್ಕೊಂದು ಹೂವಿನ ಮಾಲೆ. ಸುಟ್ಟ ಮಣ್ಣಿನ ಗಡಿಗೆ ಸಣ್ಣಗೆ ಜಿನುಗುತ್ತಲೇ ಇರುವುದರಿಂದ ಮಣ್ಣಿಗೆ ಬೇಕಾದಷ್ಟು ಹಸಿ ತಾನಾಗಿ ಸಿಗುತ್ತದೆ. ಒಂಬತ್ತನೆಯ ದಿನಕ್ಕೆ ಗೇಣುದ್ದ ಸಸಿ. ಅದನ್ನು ಗಂಡಸರು ರುಮಾಲಿಗೆ, ಟೋಪಿಗೆ ಸಿಗಿಸಿಕೊಳ್ಳುತ್ತಿದ್ದರು, ಹೆಂಗಸರು ಮುಡಿಯುತ್ತಿದ್ದರು. ಮುತ್ಯಾ ಮಾತ್ರ ಮೊದಲು ಬಗ್ಗಿ ಯಾವ ಕಾಳು ದಟ್ಟವಾಗಿ ಎದ್ದಿದೆ, ಯಾವುದು ಜೊಳ್ಳು ಎಂದು ನೋಡುತ್ತಿದ್ದ. ಹಿಂಗಾರಿಯ ಬೀಜಕ್ಕೆ ನಮ್ಮ ಮನೆಯ ಪರೀಕ್ಷೆ ಜಗಲಿಯ ಮೇಲೆಯೇ ನಡೆಯುತ್ತಿತ್ತು.

ಆ ಸಸಿ ಹಸಿರಲ್ಲ, ಹಳದಿ. ದೇವರ ಮನೆಯ ಕತ್ತಲಲ್ಲಿ ಬೆಳೆದದ್ದರಿಂದ ಎಲೆಗೆ ಹಸಿರು ಕೂಡುವುದೇ ಇಲ್ಲ, ಒಳಗಿನ ಹಳದಿ ಮಾತ್ರ ಕಾಣುತ್ತದೆ. ಇಲ್ಲಿಯ ಮರಗಳ ಬಂಗಾರವೂ ಅದೇ ಹಳದಿ. ಹಗಲು ಗಿಡ್ಡವಾಗಿ ಚಳಿ ಹೆಚ್ಚಿದಾಗ ಎಲೆಯ ಹಸಿರು ಒಡೆದು ಹೋಗುತ್ತದೆ, ಮೊದಲಿನಿಂದಲೂ ಅಡಗಿದ್ದ ಹಳದಿ ಹೊರಬೀಳುತ್ತದೆ. ಮೇಪಲ್ ಮರದ ಕೆಂಪು ಹಾಗಲ್ಲ. ಅದು ಆ ದಿನಗಳಲ್ಲಿ ಹೊಸದಾಗಿ ತಯಾರಾಗುವ ಬಣ್ಣ. ಒಂದು ಕಡೆ ಹಸಿರು ಇನ್ನೂ ಬಂದಿಲ್ಲ, ಇನ್ನೊಂದು ಕಡೆ ಹಸಿರು ಹೋಗಿ ಆಯಿತು, ಎರಡೂ ಕಡೆ ಉಳಿಯುವುದು ಒಂದೇ ಬಂಗಾರ. ಕಿಟಕಿಯ ಆಚೆ ಉದುರುವ ಎಲೆ, ಈಚೆ ಏಳುವ ಸಸಿ: ಇವೆರಡನ್ನೂ ಒಂದೇ ನೋಟದಲ್ಲಿ ಕಾಣುವ ಭಾಗ್ಯ ಊರಿನಲ್ಲಿರುವವರಿಗೂ ಇಲ್ಲ, ಇಲ್ಲಿಯವರಿಗೂ ಇಲ್ಲ. ಹೊರನಾಡಿನ ಕನ್ನಡಿಗರಿಗೆ ಮಾತ್ರ ಇದೆ.

ಮತ್ತೆ ಇದಕ್ಕೆ ಖರ್ಚೂ ಇಲ್ಲ, ಜಾಗವೂ ಬೇಡ. ಇಲಿನಾಯ್ ಮಣ್ಣೂ ಕಪ್ಪೇ. ನಮ್ಮದು ಕಪ್ಪುಕಲ್ಲು ಸವೆದು ಆದ ಜಿಗುಟು ಎರೆ, ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ. ಇದು ಸಾವಿರಾರು ವರ್ಷ ಹುಲ್ಲಿನ ಬೇರು ಕೊಳೆತು ಕಪ್ಪಾದದ್ದು, ಮುಟ್ಟಿದರೆ ಮೆತ್ತಗೆ. ಹಿತ್ತಲಿನಿಂದ ಎರಡು ಬೊಗಸೆ ತಂದರೆ ಸಾಕು. ಭಾರತೀಯ ಅಂಗಡಿಯ ಇಡೀ ಜೋಳ, ಕಡಲೆ, ಹೆಸರು ಚೆನ್ನಾಗಿಯೇ ಮೊಳೆಯುತ್ತವೆ. ಬೇಳೆ ಮಾತ್ರ ಹಾಕಬಾರದು, ಒಡೆದ ಕಾಳು ಎಲ್ಲಿ ಮೊಳೆಯಬೇಕು? ಗಡಿಗೆಯ ಬದಲು ಬಣ್ಣ ಬಳಿಯದ, ತಳಕ್ಕೆ ತೂತಿಲ್ಲದ ಮಣ್ಣಿನ ಕುಂಡ ನಡೆಯುತ್ತದೆ.

ನನಗೆ ಬೇಸರ ತರುವುದು ಬೇರೆ. ನಾವು ಒಂಬತ್ತು ದಿನದ ಹಬ್ಬವನ್ನು ಶನಿವಾರ ಸಂಜೆಯ ಒಂದು ಸಭಾಂಗಣಕ್ಕೆ ಸರಿಸಿ, ಪ್ಲಾಸ್ಟಿಕ್ಕಿನ ಮಾವಿನೆಲೆ ಕಟ್ಟಿ, ಡಬ್ಬಿಯ ಊಟ ಮಾಡಿ ಮನೆಗೆ ಬರುತ್ತೇವೆ. ಕೂಟಗಳು ಬೇಡ ಎಂದು ನಾನು ಹೇಳುವುದಿಲ್ಲ. ಅವಿಲ್ಲದಿದ್ದರೆ ಮಕ್ಕಳ ಕಿವಿಗೆ ಕನ್ನಡ ಬೀಳುವುದೇ ಕಡಿಮೆ. ಆದರೆ ದಿನಾ ಬೆಳಗ್ಗೆ ಎದ್ದು ಸಸಿ ಎಷ್ಟು ಬಂತು ಎಂದು ನೋಡುವ ಮಗುವಿಗೆ ನವರಾತ್ರಿ ಏನೆಂದು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ಊರಿನಲ್ಲಿಯೂ ಪ್ಲಾಸ್ಟಿಕ್ ತೋರಣ ಬಂದಿದೆ. ಹೊಲದಲ್ಲಿ ಸಜ್ಜೆ ತೆನೆ ಇರುವವರ ಬಾಗಿಲಿಗೇ ಅದು ಜೋತಿರುವುದನ್ನು ಕಂಡಾಗ ಇನ್ನೂ ನೋವಾಗುತ್ತದೆ. ಮೊದಲು ಆ ತೆನೆಯ ಗೊಂಚಲನ್ನು ತೊಲೆಗೆ ಕಟ್ಟುತ್ತಿದ್ದರು, ಗುಬ್ಬಿ ಬಂದು ತಿನ್ನುತ್ತಿದ್ದವು.

ಬನ್ನಿಗೆ ನಾವು ಇಲ್ಲಿ ಬೇರೆ ಹಾದಿ ಹಿಡಿದಿದ್ದೇವೆ. ಒಣಗಿದ ಬನ್ನಿ ಎಲೆ ಊರಿನಿಂದ ತರಿಸುವವರಿದ್ದಾರೆ. ನಮ್ಮ ಬೀದಿಯಲ್ಲಿ ಹನಿ ಲೋಕಸ್ಟ್ ಎಂಬ ಇಲ್ಲಿಯದೇ ಮರವಿದೆ. ಬನ್ನಿಯ ಹಾಗೆ ಅದೂ ದ್ವಿದಳದ ಕುಟುಂಬದ್ದು, ಕಾಡಿನಲ್ಲಿ ಬೆಳೆದದ್ದಕ್ಕೆ ಮುಳ್ಳು, ಉದ್ದನೆಯ ಕಾಯಿ, ಸಣ್ಣಸಣ್ಣ ಎಲೆ. ಅಕ್ಟೋಬರಿನಲ್ಲಿ ಆ ಎಲೆಗಳು ಹಳದಿಯಾಗಿ ಉದುರುತ್ತವೆ. ದಶಮಿ ಸಂಜೆ ಅದನ್ನೇ ಆಯ್ದು ಹಿರಿಯರ ಕೈಗೆ ಕೊಟ್ಟು ಕಾಲಿಗೆ ಬೀಳುತ್ತೇವೆ. “ಬನ್ನಿ ತಗೊಂಡು ಬಂಗಾರದಂಗ ಇರೂಣು” ಅಂದರೆ ಪಕ್ಕದ ಮನೆಯ ಅಮೆರಿಕದ ಅಜ್ಜಿಯೂ ಎರಡೂ ಕೈ ಚಾಚುತ್ತಾಳೆ.

ದಸರೆ ಮುಗಿದು ಐದನೆಯ ದಿನಕ್ಕೆ ಶೀಗಿ ಹುಣ್ಣಿಮೆ. ಹೊಲ ಬಸುರಿ ಎಂದು ಅವತ್ತು ಅವಳಿಗೆ ಉಡಿ ತುಂಬಿ, ಬಯಕೆಯ ಊಟ ಒಯ್ದು, ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯೆ, ಗುರೆಳ್ಳು ಹಿಂಡಿ, ಮೊಸರಬುತ್ತಿ, ಶೇಂಗಾ ಹೋಳಿಗೆ, ಎಲ್ಲವೂ ಮೊದಲು ಭೂಮಿಗೆ, ಆಮೇಲೆ ನಮಗೆ. ಇಲ್ಲಿ ಬಸುರಿ ಹೊಲ ಎಲ್ಲಿಂದ ತರುವುದು ಎಂದು ಕೇಳುವವರಿಗೆ ನನ್ನ ಉತ್ತರ ಬೆಳ್ಳುಳ್ಳಿ. ಇಲಿನಾಯ್‌ನಲ್ಲಿ ಬೆಳ್ಳುಳ್ಳಿ ಊರುವುದು ಅಕ್ಟೋಬರಿನಲ್ಲಿಯೇ. ಗಟ್ಟಿ ಎಸಳು ಆರಿಸಿ, ಚೂಪು ತುದಿ ಮೇಲಾಗಿ, ಎರಡು ಇಂಚು ಆಳಕ್ಕೆ, ಎಸಳಿಂದ ಎಸಳಿಗೆ ಗೇಣಿಗಿಂತ ಸ್ವಲ್ಪ ಕಡಿಮೆ ಅಂತರ ಬಿಟ್ಟು ಊರಿ, ಮೇಲೆ ಉದುರಿದ ಎಲೆಯನ್ನೇ ದಪ್ಪಗೆ ಹೊದಿಸಿದರೆ ಸಾಕು. ನೆಲ ಹೆಪ್ಪುಗಟ್ಟುವ ಮೊದಲು ಬೇರು ಬಿಟ್ಟುಕೊಂಡು ಚಳಿಗಾಲವಿಡೀ ಒಳಗೇ ಇರುತ್ತದೆ, ಜುಲೈಯಲ್ಲಿ ಗಡ್ಡೆ. ಚಳಿ ಬೀಳದಿದ್ದರೆ ಎಸಳು ಒಡೆದು ಗಡ್ಡೆಯಾಗುವುದೇ ಇಲ್ಲ. ಟುಲಿಪ್ ಗಡ್ಡೆಗಳದ್ದೂ ಇದೇ ಕಥೆ. ನಾವು ಬುತ್ತಿ ಕಟ್ಟಿಕೊಂಡು ಹಿತ್ತಲಿಗೇ ಹೋಗುತ್ತೇವೆ, ಬೆಳ್ಳುಳ್ಳಿ ಮಡಿಯ ಸುತ್ತ ಚರಗ ಚೆಲ್ಲಿ ಹುಲ್ಲಿನ ಮೇಲೆ ಕೂತು ಉಣ್ಣುತ್ತೇವೆ.

ತೋಟದ ವಿಷಯದಲ್ಲಿ ಅಮೆರಿಕದವರಿಂದ ನಾವು ಕಲಿಯುವುದು ಬಹಳ ಇದೆ, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಯಾವ ವಾರ ಏನು ಊರಬೇಕು, ಯಾವುದನ್ನು ಒಳಗೆ ತರಬೇಕು ಎಂದು ಸಣ್ಣ ಅಂಗಳದವರೂ ಬರೆದಿಟ್ಟುಕೊಳ್ಳುತ್ತಾರೆ. ಎಲೆ ಗುಡಿಸಿ ಸುಡದೆ ಗೊಬ್ಬರ ಮಾಡುತ್ತಾರೆ. ಊರಿನಲ್ಲಿ ಬೇವಿನ ಎಲೆಗೆ ಬೆಂಕಿ ಹಚ್ಚುವ ನಮ್ಮ ಬಂಧುಗಳಿಗೆ ನಾನು ಇದನ್ನು ಪ್ರತಿ ವರ್ಷ ಹೇಳುತ್ತೇನೆ. ಮರದ ಬಣ್ಣ ನೋಡಲೆಂದೇ ಕುಟುಂಬ ಸಮೇತ ಹೊರಡುವ ಅವರ ಅಭ್ಯಾಸವೂ ನನಗೆ ಇಷ್ಟ. ಹೊಲಕ್ಕೆ ಬುತ್ತಿ ಒಯ್ಯುವ ನಮ್ಮ ಜನಕ್ಕೆ ಅದೇನು ಹೊಸದಲ್ಲ.

ದೀಪಾವಳಿಯ ಪಾಡ್ಯಕ್ಕೆ ಸಗಣಿಯ ಪಾಂಡವರನ್ನು ಮಾಡಿ ಚೆಂಡು ಹೂವು, ಉತ್ತರಾಣಿ ಕಡ್ಡಿ ಸಿಗಿಸುವ ಪದ್ಧತಿಯನ್ನು ಇಲ್ಲಿ ಮುಂದುವರಿಸುವುದು ಕಷ್ಟ. ನಾವು ಹಿತ್ತಲ ಮಣ್ಣಿನಲ್ಲಿ ಮಾಡುತ್ತೇವೆ. ಚೆಂಡು ಹೂವು ಮಾತ್ರ ನಮ್ಮದೇ ಗಿಡದ್ದು. ಮೊದಲ ಸಲ ಇಬ್ಬನಿ ಹೆಪ್ಪುಗಟ್ಟುವ ಮುನ್ಸೂಚನೆ ಬಂದ ಸಂಜೆಯೇ ಎಲ್ಲ ಕೊಯ್ದು ಸರ ಮಾಡಿ ಒಣಗಿಸುತ್ತೇವೆ, ಒಣಗಿದ ಹೂವಿನಿಂದಲೇ ಮುಂದಿನ ವರ್ಷದ ಬೀಜ.

ನವೆಂಬರ್ 1ರ ರಾಜ್ಯೋತ್ಸವಕ್ಕೆ ಅಕ್ಕಪಕ್ಕದ ಊರುಗಳ ಕನ್ನಡದವರು ಸೇರಿದಾಗ ವೇದಿಕೆಯ ಮಗ್ಗುಲಲ್ಲಿ ಒಂದು ಮೇಜು ಹಾಕಿ ಎಂದು ಕೇಳಿಕೊಂಡಿದ್ದೇನೆ. ಒಂದು ತುದಿಗೆ ಗಾರಗಿ, ಇನ್ನೊಂದು ತುದಿಗೆ ಬೀಜದ ಪೊಟ್ಟಣಗಳು: ಚೆಂಡು ಹೂವು, ಪುಂಡಿ, ಹೀರೆ, ಅವರೆ, ಬಟರ್‌ನಟ್. ಯಾರ ಮನೆಯಲ್ಲಿ ಯಾವುದಿದೆಯೋ ಅದನ್ನು ತರಲಿ, ಇಲ್ಲದ್ದನ್ನು ಒಯ್ಯಲಿ.