ಸೇದಿಲ್ಲ ತಾನೇ?

ಇವತ್ತು ಭಾನುವಾರ. ಇನ್ನೂ ಸರಿಯಾಗಿ ಬೆಳಕೂ ಹರಿದಿರಲಿಲ್ಲ, ದಿಂಬಿನ ಕೆಳಗೆ ಫೋನು ಗುರುಗುಟ್ಟಿತು. ಎತ್ತಿದರೆ ನಮಸ್ಕಾರವಿಲ್ಲ, ಚೆನ್ನಾಗಿದ್ದೀರಾ ಎಂಬ ವಿಚಾರಣೆಯಿಲ್ಲ. ನೇರವಾಗಿ, "ಸೇದಿಲ್ಲ ತಾನೇ?"

ನಿದ್ದೆಗಣ್ಣಲ್ಲಿ ಯಾರಾದರೂ ಸೇದುತ್ತಾರೇನ್ರೀ?

ಇವರು ನನ್ನ ಜೊತೆಗಾರರು. ತಂದೆತಾಯಿ ಇಟ್ಟ ಹೆಸರು ಬೇರೆಯಿದೆ, ನಾನು ಮನಸ್ಸಿನಲ್ಲಿ ಕರೆಯುವುದು ಬೆಂಬಲರಾಯರು ಎಂದೇ. ಸಿಗರೇಟು ಬಿಡುವವರ ಗುಂಪಿಗೆ ಸೇರಿದರೆ ಮೊದಲೇ ಬಿಟ್ಟವರೊಬ್ಬರನ್ನು ನಮಗೆ ಗಂಟು ಹಾಕುತ್ತಾರೆ. ಸೇದಬೇಕು ಅನ್ನಿಸಿದಾಗ ನಾವು ಅವರಿಗೆ ಫೋನ್ ಮಾಡಬೇಕು ಅನ್ನುವುದು ವ್ಯವಸ್ಥೆ. ರಾಯರು ಅದನ್ನು ತಲೆಕೆಳಗು ಮಾಡಿಟ್ಟಿದ್ದಾರೆ. ನನಗೆ ಅನ್ನಿಸುವವರೆಗೂ ಕಾಯುವ ತಾಳ್ಮೆ ಅವರಿಗಿಲ್ಲ, ತಾವೇ ಮಾಡುತ್ತಾರೆ. ಅವರು ಮಾಡಿದ ಮೇಲೆ ನನಗೆ ಅನ್ನಿಸುತ್ತದೆ. ಹಲ್ಲುಜ್ಜಿ, ಪೇಪರ್ ಓದಿ, ಸಿಗರೇಟೆಂಬ ವಸ್ತು ಲೋಕದಲ್ಲಿದೆ ಎನ್ನುವುದನ್ನೇ ಮರೆತು ಕೂತಿರುತ್ತೇನೆ. ಫೋನು ಬರುತ್ತದೆ. ನೆನಪೂ ಬರುತ್ತದೆ.

ಈ ಸಲ ಎಲ್ಲವೂ ಯೋಜನೆಯ ಪ್ರಕಾರ. ಹಿಂದೆಲ್ಲ ಹೊಸ ವರ್ಷದ ಮಧ್ಯರಾತ್ರಿ, ಕೆಮ್ಮು ಜೋರಾದ ವಾರ, ಯಾರಿಗೋ ಎದೆನೋವು ಬಂತೆಂದು ಕೇಳಿದ ಸಂಜೆ, ಹೀಗೆ ಭಾವಾವೇಶದಲ್ಲಿ ಬಿಟ್ಟು, ಆವೇಶ ಇಳಿದ ಕೂಡಲೇ ಹಚ್ಚುತ್ತಿದ್ದೆ. ಗುಂಪಿನ ಸಲಹೆಗಾರರು ಅದಕ್ಕೆ ಅವಕಾಶ ಕೊಡಲಿಲ್ಲ. ಬಿಡುವ ದಿನವನ್ನು ಎರಡು ವಾರದೊಳಗೇ ಗೊತ್ತು ಮಾಡಿ, ದೂರ ಇಟ್ಟಷ್ಟೂ ಮನಸ್ಸು ಜಾರುತ್ತದೆ ಎಂದರು. ಅಲ್ಲಿಯವರೆಗೆ ಒಂದು ಪುಸ್ತಕದಲ್ಲಿ ಪ್ರತಿ ಸಿಗರೇಟಿನ ಹೊತ್ತು, ಕಾರಣ ಬರೆಯಬೇಕು. ಯಾವ ಸಂದರ್ಭ ನಮ್ಮನ್ನು ಸೇದಿಸುತ್ತದೆ ಎಂದು ತಿಳಿಯಲಂತೆ. ಬರೆದೆ. ಬಾಸ್ ಬೈದರು, ಸೇದಿದೆ. ಬಾಸ್ ಹೊಗಳಿದರು, ಸೇದಿದೆ. ಬಾಸ್ ರಜೆ, ಸೇದಿದೆ. ಸಲಹೆಗಾರರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು.

ಹಿಂದಿನ ದಿನ ಮನೆಯನ್ನೆಲ್ಲ ಜಾಲಾಡಿ ಲೈಟರು, ಬೂದಿಬಟ್ಟಲು ಎಸೆದದ್ದಾಯಿತು. ಬಂಧುಬಳಗಕ್ಕೆಲ್ಲ ಹೇಳಿದ್ದೂ ಆಯಿತು. ಹೇಳಿದರೆ ನಾಚಿಕೆಗಾದರೂ ಸೇದುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಆದರೆ ಹೀಗೆ ಹೇಳಿದ ಮರುಕ್ಷಣದಿಂದ ಇಡೀ ಬಳಗ ಪೊಲೀಸರಾಗುತ್ತದೆ ಎಂದು ಯಾರೂ ಮೊದಲೇ ಎಚ್ಚರಿಸಲಿಲ್ಲ. ಈಗ ನಾನು ಬಾಲ್ಕನಿಗೆ ಹೋದರೆ ಹಿಂದೆಯೇ ಯಾರೋ ಬಟ್ಟೆ ಒಣಹಾಕುವ ನೆಪದಲ್ಲಿ ಬರುತ್ತಾರೆ. ಬಕೆಟ್ಟಿನಲ್ಲಿ ಬಟ್ಟೆಯೇ ಇರುವುದಿಲ್ಲ.

ನಿಕೋಟಿನ್ ಗಮ್ಮಿನದು ಇನ್ನೊಂದು ಪಾಡು. ಅದರಲ್ಲಿ 2 ಮಿಲಿಗ್ರಾಂ, 4 ಮಿಲಿಗ್ರಾಂ ಎಂದು ಎರಡು ದರ್ಜೆ. ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಹಚ್ಚುವವರಿಗೆ ದೊಡ್ಡದು, ಅಂದರೆ ನನಗೆ. ಅದನ್ನು ಬಬಲ್ ಗಮ್ಮಿನಂತೆ ಕಚಕಚ ಅಗಿಯುವ ಹಾಗಿಲ್ಲ. ಬಾಯಿ ಚುರುಗುಟ್ಟುವವರೆಗೆ ನಿಧಾನಕ್ಕೆ ಅಗಿದು, ಕೆನ್ನೆಯ ಮೂಲೆಯಲ್ಲಿ ಅವುಚಿಟ್ಟು, ಚುರುಚುರು ನಿಂತ ಮೇಲೆ ಮತ್ತೆ ಅಗಿಯಬೇಕು. ಅರ್ಧ ಗಂಟೆ ಇದೇ ಕೆಲಸ. ಮೀಟಿಂಗಿನಲ್ಲಿ ನನ್ನ ಅಭಿಪ್ರಾಯ ಕೇಳಿದಾಗೆಲ್ಲ ಗಮ್ಮು ಕೆನ್ನೆಯಲ್ಲೇ ಇರುತ್ತದೆ. ನಾನು ತಲೆಯಾಡಿಸುತ್ತೇನೆ. ಹೀಗೆ ತಲೆಯಾಡಿಸಿ ಎಷ್ಟು ಕೆಲಸ ಮೈಮೇಲೆ ಹಾಕಿಕೊಂಡಿದ್ದೇನೋ ದೇವರಿಗೇ ಗೊತ್ತು.

ಮತ್ತೆ ರಾಯರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅವರು ಇಷ್ಟರಲ್ಲೇ ಮತ್ತೆ ಫೋನ್ ಮಾಡುತ್ತಾರೆ.

ಅವರ ಬಾಯಲ್ಲಿ ಎಲ್ಲವೂ ಒಳ್ಳೇ ಲಕ್ಷಣವೇ. ಬಿಟ್ಟ ಮೇಲೆ ಕೆಮ್ಮು ಕಡಿಮೆಯಾಗುವ ಬದಲು ಹೆಚ್ಚಾಯಿತು ಎಂದು ಗೋಳು ತೋಡಿಕೊಂಡೆ. "ಒಳ್ಳೇ ಲಕ್ಷಣ ರೀ! ಶ್ವಾಸನಾಳದಲ್ಲಿ ಸಣ್ಣ ಸಣ್ಣ ರೋಮ ಇರ್ತವೆ. ಇಷ್ಟು ದಿನ ಹೊಗೆಗೆ ಮಂಕಾಗಿ ಬಿದ್ದಿದ್ವು. ಈಗ ಎದ್ದು ಕಸ ಗುಡಿಸ್ತಾ ಇವೆ." ಎಲ್ಲವೂ ರುಚಿ ಹತ್ತಿ ಬೆಲ್ಟಿನ ತೂತು ಹಿಂದಕ್ಕೆ ಹೋಯಿತು ಎಂದೆ. "ಒಳ್ಳೇ ಲಕ್ಷಣ. ನಾಲಿಗೆ, ಮೂಗು ವಾಪಸ್ ಬಂದಿವೆ." ರಾತ್ರಿ ನಿದ್ದೆಯಿಲ್ಲ, ಕೈ ನಡುಕ ಎಂದೆ. ಅದೂ ಒಳ್ಳೇ ಲಕ್ಷಣವೇ ಆಯಿತು. ಒಮ್ಮೆ ತಲೆಕೆಟ್ಟು, "ನೀವು ಸ್ವಲ್ಪ ಬಾಯಿ ಮುಚ್ಚಿಕೊಂಡಿರ್ತೀರಾ?" ಎಂದು ಕಿರುಚಿಯೇಬಿಟ್ಟೆ. ಆ ಕಡೆಯಿಂದ ಒಂದು ಕ್ಷಣ ಮೌನ. ಆಮೇಲೆ ಪರಮಸಂತೋಷದ ದನಿಯಲ್ಲಿ, "ಸಿಟ್ಟು ಬಂತಾ? ಒಳ್ಳೇ ಲಕ್ಷಣ!"

ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ? ಫೋನ್ ಕುಕ್ಕಿದೆ. ಐದು ನಿಮಿಷಕ್ಕೆ ಮೆಸೇಜು ಬಂತು: ಎತ್ತಿದ ಹೆಬ್ಬೆರಳು, ಅರಳಿದ ಹೂವು, ಚಪ್ಪಾಳೆ.

ನಡುಕದ ವಿಷಯದಲ್ಲಿ ಮಾತ್ರ ಅವರ ಪಾಂಡಿತ್ಯ ಸಾಲಲಿಲ್ಲ. ಅದರಲ್ಲಿ ಕಾಫಿಯ ಕೈವಾಡವಿತ್ತು. ಸಿಗರೇಟಿನ ಹೊಗೆಯಿಂದಾಗಿ ಪಿತ್ತಜನಕಾಂಗ ಕೆಫೀನನ್ನು ಬೇಗ ಬೇಗ ಕರಗಿಸಿಹಾಕುತ್ತಿರುತ್ತದಂತೆ. ಹೊಗೆ ನಿಂತರೆ ಆ ಚುರುಕೂ ನಿಂತು, ಅದೇ ಲೋಟದ ಕಾಫಿ ಹೆಚ್ಚುಕಡಿಮೆ ಎರಡು ಲೋಟದಷ್ಟು ಕೆಲಸ ಮಾಡುತ್ತದೆ. ನಾನೋ, ಸಿಗರೇಟಿಲ್ಲದ ದುಃಖಕ್ಕೆಂದು ಕಾಫಿಯನ್ನೇ ಹೆಚ್ಚಿಸಿದ್ದೆ. ಸಲಹೆಗಾರರು ಇದನ್ನು ವಿವರಿಸುವಾಗ ರಾಯರು ಪಕ್ಕದಲ್ಲೇ ಕೂತು, ತಮಗೆ ಮೊದಲಿಂದಲೂ ಗೊತ್ತಿತ್ತು ಎಂಬಂತೆ ತಲೆದೂಗಿದರು.

ಇನ್ನೊಂದು ಲೆಕ್ಕ ಹೇಳಬೇಕು, ಹೇಳಲು ಹೊಟ್ಟೆ ಉರಿಯುತ್ತದೆ. ಸೇದಲೇಬೇಕು ಎಂಬ ಹಪಹಪಿ ಎದ್ದರೆ ಅದರ ಆಯಸ್ಸು ಮೂರರಿಂದ ಐದು ನಿಮಿಷ. ರಾಯರ ಒಂದು ಕರೆಯ ಆಯಸ್ಸು ಅರ್ಧ ಗಂಟೆ. ಮುಂದೂಡಿ, ಉಸಿರೆಳೆಯಿರಿ, ನೀರು ಕುಡಿಯಿರಿ, ಬೇರೆ ಕೆಲಸ ಹಿಡಿಯಿರಿ ಎಂಬ ನಾಲ್ಕೇ ನಾಲ್ಕು ಮಾತು ಅವರು ಹೇಳಬೇಕಾದದ್ದು. ನೀರಿನ ಹತ್ತಿರ ಬರುವಷ್ಟರಲ್ಲಿ ತಾವು ಬಿಟ್ಟಾಗ ಯಾವ ಬಾಟಲಿ ಕೊಂಡರು, ಅದರ ಮುಚ್ಚಳ ಹೇಗೆ ಕಳೆಯಿತು, ಮುಚ್ಚಳ ಸಿಕ್ಕಿದ್ದು ಎಲ್ಲಿ ಎಂಬಲ್ಲಿಗೆ ಹೋಗಿರುತ್ತಾರೆ. ಸೋಫಾದ ಕೆಳಗೆ ಸಿಕ್ಕಿತಂತೆ. ಅಷ್ಟು ಹೊತ್ತಿಗೆ ನನ್ನ ಹಪಹಪಿ ಬೇಸರದಿಂದಲೇ ಪ್ರಾಣ ಬಿಟ್ಟಿರುತ್ತದೆ.

ಹೊಗೆಯ ಮೇಲಿನ ಮೋಹ ಈಗ ಅಷ್ಟಾಗಿ ಇಲ್ಲ. ಮೊದಲ ಎರಡು ಮೂರು ದಿನ ನರಕ, ಆಮೇಲೆ ವಾರ ಕಳೆದಂತೆ ಸಡಿಲವಾಗುತ್ತಾ ಬಂತು. ಇನ್ನೂ ಕಾಡುವುದು ಆ ನಿಲ್ಲುವಿಕೆ. ಕೈಯಲ್ಲೊಂದು ಸಿಗರೇಟಿದ್ದರೆ ಮನುಷ್ಯ ಸುಮ್ಮನೆ ಗೋಡೆಗೊರಗಿ ನಿಲ್ಲಬಹುದಿತ್ತು, ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ಬೆಂಕಿ ಇದೆಯಾ ಎಂದು ಬಂದ ಅಪರಿಚಿತ ತನ್ನ ಮಗನ ಓದು, ಅಪ್ಪನ ಕಾಯಿಲೆ ಎಲ್ಲ ಹೇಳಿ, ಹೆಸರೂ ಹೇಳದೆ ಹೊರಟುಹೋಗುತ್ತಿದ್ದ. ಈಗ ಬರಿಗೈಯಲ್ಲಿ ಹಾಗೆ ನಿಂತರೆ, "ಏನ್ಸಾರ್, ಹುಷಾರಿಲ್ವಾ?" ಎನ್ನುತ್ತಾರೆ. ನೀರಿನ ಬಾಟಲಿ ಹಿಡಿದು ನಿಂತು ನೋಡಿದೆ. ಯಾರನ್ನೋ ಕಾಯುತ್ತಿದ್ದೇನೆ ಅಂದುಕೊಂಡರು.

ಗುಂಪಿನ ಸಭೆ ಮುಗಿದ ಮೇಲೆ ಮಾತ್ರ ಆ ನಿಲ್ಲುವಿಕೆ ಸ್ವಲ್ಪ ಸಿಗುತ್ತದೆ. ಎಲ್ಲರೂ ಬಾಗಿಲ ಹೊರಗೆ ಬಂದು ಮನೆಗೆ ಹೋಗದೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿರುತ್ತೇವೆ. ಕಳೆದ ಸಭೆಯಲ್ಲಿ ಹುಡುಗನೊಬ್ಬ, ತಡೆಯಲಾಗದೆ ಒಂದು ಸೇದಿಬಿಟ್ಟೆ ಎಂದ. ಮುಖವೆತ್ತಲೇ ಇಲ್ಲ. ಸಲಹೆಗಾರರು ಬಾಯಿ ತೆರೆಯುವ ಮೊದಲೇ ರಾಯರು ಅವನ ಬೆನ್ನು ತಟ್ಟಿ, "ಬಂದು ಹೇಳಿದ್ಯಲ್ಲ ಮರಿ, ಒಳ್ಳೇ ಲಕ್ಷಣ" ಅಂದರು. ಒಂದೇ ಬಾರಿಗೆ ಬಿಟ್ಟವರು ಕಡಿಮೆ, ನಾನೂ ಎಷ್ಟೋ ಸಲ ಬಿದ್ದೆದ್ದವನು ಅಂದರು. ಅವತ್ತು ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಆ ಒಳ್ಳೆಯ ಅಭಿಪ್ರಾಯ ಮನೆ ಸೇರುವವರೆಗೂ ಉಳಿಯಲಿಲ್ಲ. ದಾರಿಯಲ್ಲೇ ಗುಂಪಿಗೆ ಅವರ ಮೆಸೇಜು ಬಿತ್ತು: ಹೇಗೂ ಒಗ್ಗಟ್ಟಿದೆ, ಮುಂದಿನ ತಿಂಗಳು ಎಲ್ಲರೂ ಸೇರಿ ಕಾಫಿ ಬಿಡೋಣ, ತಾರೀಖು ಗೊತ್ತುಮಾಡಿ. ಎಲ್ಲರೂ ಹೆಬ್ಬೆರಳು ಎತ್ತಿದ್ದರು. ನನ್ನದು ಮಾತ್ರ ಬಾಕಿ. ಅದಕ್ಕೇ ಇವತ್ತು ಇಷ್ಟು ಬೇಗ ಫೋನು.