ಲಾಭ ಅಂತ ಅವರೇ ಬರೆದಿದ್ದಾರೆ, ಇನ್ನು ಯಾರನ್ನ ಕೇಳೋದು?

"ಹೌದು ಸರ್, ಲಾಭ. ಅದಕ್ಕೇನೀಗ?" ಅಂದುಬಿಟ್ಟ, ಇಲ್ಲಿ ಫ್ಲೋರಿಡಾದ ಕಾರ್ ಡೀಲರ್‌ಶಿಪ್‌ನ ಮ್ಯಾನೇಜರ್. ನಗುತ್ತಲೇ ಅಂದ. ಬೆಳಿಗ್ಗೆಯಿಂದ ಇದೊಂದು ಮಾತು ಕಿವಿಯಲ್ಲಿ ಗುಂಯ್ ಅಂತಿದೆ. ಊಟ ಸೇರಲಿಲ್ಲ. ಕಾರು ಹೊರಗೆ ನಿಂತಿದೆ, ಹೋಗಿ ನೋಡೋಣ ಅಂತಲೂ ಅನ್ನಿಸುತ್ತಿಲ್ಲ. ಹೊಸ ಕಾರು ರೀ! ಜನ ಹೊಸ ಕಾರು ತಂದರೆ ರಾತ್ರಿ ಎದ್ದು ಹೋಗಿ ಸವರಿ ಬರುತ್ತಾರೆ. ನಾನು ಕಿಟಕಿ ಪರದೆ ಎಳೆದು ಕೂತಿದ್ದೇನೆ.

999 ಡಾಲರ್. ಇದು ಕಾರಿನ ಬೆಲೆಯಲ್ಲ. ತೆರಿಗೆಯಲ್ಲ. ಟೈಟಲ್ (ಕಾರು ನಮ್ಮದು ಅನ್ನೋ ಪತ್ರ), ನಂಬರ್ ಪ್ಲೇಟಿನ ಖರ್ಚಲ್ಲ. ಕಾರ್ಖಾನೆಯಿಂದ ಲಾರಿಯಲ್ಲಿ ಹೊತ್ತು ತಂದ ಖರ್ಚೂ ಅಲ್ಲ. ಅವಕ್ಕೆಲ್ಲ ಬೇರೆ ಬೇರೆ ಸಾಲು ಇದೆ, ಅವನ್ನೂ ಕೊಟ್ಟಿದ್ದೇನೆ. ಇದು ಡೀಲರ್ ಫೀ. ಕೆಲವರು ಡಾಕ್ ಫೀ, ಅಂದರೆ ಡಾಕ್ಯುಮೆಂಟ್ ಫೀ ಅನ್ನುತ್ತಾರೆ. ಕಾಗದಪತ್ರ ಮಾಡಿದ್ದಕ್ಕಂತೆ. ಏನು ಕಾಗದಪತ್ರ? ನನ್ನ ಹೆಸರು, ವಿಳಾಸ, ಲೈಸೆನ್ಸ್ ನಂಬರ್. ಅದನ್ನೂ ಹಿಂದಿನ ರಾತ್ರಿ ನಾನೇ ಅವರ ಫಾರ್ಮಿನಲ್ಲಿ ಟೈಪ್ ಮಾಡಿ ಕಳಿಸಿದ್ದೆ. ಅದರ ಕೆಳಗೆ ಎಲೆಕ್ಟ್ರಾನಿಕ್ ಫೈಲಿಂಗ್ ಫೀ ಅಂತ ಇನ್ನೊಂದು. ಅಂದರೆ ಕಾಗದ ಮಾಡಿದ್ದಕ್ಕೂ ದುಡ್ಡು, ಕಾಗದ ಇಲ್ಲದೆ ಕಳಿಸಿದ್ದಕ್ಕೂ ದುಡ್ಡು.

ನಾನೇನು ಸುಮ್ನೆ ಕೈಬೀಸಿಕೊಂಡು ಹೋದವನಲ್ಲ. ಎಕ್ಸೆಲ್ ಶೀಟ್ ಮಾಡಿದ್ದೆ. ಹಸಿರು, ಹಳದಿ, ಕೆಂಪು ಬಣ್ಣ ಬೇರೆ. ಸುತ್ತಮುತ್ತಲ ಡೀಲರ್‌ಗಳಿಗೆಲ್ಲ ಇಮೇಲ್ ಹಾಕಿ 'ಔಟ್ ದ ಡೋರ್' ಬೆಲೆ ಕೇಳಿದ್ದೆ. ಎಲ್ಲ ಸೇರಿಸಿ ಕೊನೆಗೆ ಎಷ್ಟಾಗುತ್ತೆ, ಅದೊಂದು ಅಂಕಿ ಹೇಳಿ ಸಾಕು ಅಂತ. ಬಹಳ ಜನ ಅಂಕಿ ಹೇಳಲ್ಲ. "ಒಳ್ಳೆ ಪ್ರಶ್ನೆ! ಯಾವತ್ತು ಬರ್ತೀರಾ?" ಅಂತ ಉತ್ತರ. ಬಾತ್‌ರೂಮಿನ ಕನ್ನಡಿ ಮುಂದೆ ನಿಂತು ರಿಹರ್ಸಲ್ ಬೇರೆ ಮಾಡಿದ್ದೆ. "ಐ ಆಮ್ ರೆಡಿ ಟು ವಾಕ್ ಅವೇ" ಅಂತ. ಗಂಭೀರವಾಗಿ, ಒಂದು ಹುಬ್ಬು ಏರಿಸಿ.

ಮೊದಲು ಕೂತಿದ್ದು ಒಬ್ಬ ಹುಡುಗನ ಎದುರು. ಪಾಪ, ಒಳ್ಳೆಯವನು. ಕಾರಿನ ಕಿಟಕಿ ಮೇಲೆ ಎರಡು ಸ್ಟಿಕ್ಕರ್ ಇತ್ತು. ಒಂದು ಕಂಪನಿಯದು, ಬೆಲೆ ಬರೆದು ಕಾನೂನು ಪ್ರಕಾರ ಹಾಕಲೇಬೇಕಾದದ್ದು. 1958ರಲ್ಲಿ ಓಕ್ಲಹೋಮಾದ ಸೆನೆಟರ್ ಮನ್ರೋನಿ ಹೋರಾಡಿ ತಂದ ಕಾನೂನು ಅದು. ಇವತ್ತಿಗೂ ಆ ಚೀಟಿಗೆ ಅವರ ಹೆಸರೇ. ಅದರ ಪಕ್ಕದಲ್ಲೇ, ಅದೇ ಅಕ್ಷರ, ಅದೇ ಸೈಜು, ಇನ್ನೊಂದು ಚೀಟಿ. ಇದು ಡೀಲರ್ ಅಂಟಿಸಿದ್ದು. ಟೈರಿಗೆ ನೈಟ್ರೋಜನ್, ಬಾಗಿಲಿನ ಅಂಚಿಗೆ ಪ್ಲಾಸ್ಟಿಕ್ಕು, ಗಾಜಿನ ಮೇಲೆ ಕಾರಿನ ನಂಬರ್ ಕೆತ್ತಿದ್ದು, ಪೇಂಟಿಗೆ ಏನೋ ಲೇಪ. ನೈಟ್ರೋಜನ್! ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ಅದೇ ಇರೋದು. ಇದನ್ನೆಲ್ಲ ಹುಡುಗ ಮರು ಮಾತಿಲ್ಲದೆ ತೆಗೆದುಹಾಕಿದ. ಅಷ್ಟು ಸುಲಭಕ್ಕೆ ತೆಗೆದ ಅಂದರೆ ಏನರ್ಥ ನೀವೇ ಹೇಳಿ. ಆದರೆ 999 ಮುಟ್ಟಿದ ಕೂಡಲೇ ಅವನ ಮುಖ ಬದಲಾಯಿತು. "ಅದು ನನ್ನ ಕೈಲಿಲ್ಲ ಸರ್, ಮ್ಯಾನೇಜರನ್ನ ಕರೀತೀನಿ" ಅಂದ.

ಬಂದ ಮಹಾನುಭಾವ. ಕೂರಲಿಲ್ಲ. ಮೇಜಿನ ಮೇಲೆ ಎರಡೂ ಕೈ ಊರಿಕೊಂಡು ನಿಂತ. ನಾವು ಕತ್ತೆತ್ತಿ ನೋಡಬೇಕು.

ನಾನು ಕಾಗದವನ್ನು ಅವನ ಕಡೆ ತಿರುಗಿಸಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ. ಅದರ ಮೇಲೆ ಬೆರಳಿಟ್ಟೆ. "ಇಲ್ಲಿ ನೋಡಿ, ನಿಮ್ಮ ಕಾಗದದಲ್ಲೇ ಏನಿದೆ ಅಂತ" ಅಂದೆ. ಹುಬ್ಬು ಏರಿಸಿದೆ ಕೂಡ. ಅವನು, "ಓದಿ ಸರ್, ಜೋರಾಗೇ ಓದಿ" ಅಂದ. ಓದಿದೆ. ಈ ಶುಲ್ಕದಲ್ಲಿ ವಾಹನದ ತಪಾಸಣೆ, ಸ್ವಚ್ಛತೆ, ಹೊಂದಾಣಿಕೆ, ಮಾರಾಟದ ದಾಖಲೆ ತಯಾರಿ ಇಂಥವುಗಳ ವೆಚ್ಚ ಮತ್ತು ಡೀಲರ್‌ನ ಲಾಭ ಸೇರಿದೆ ಅಂತ. ಲಾಭ ಅನ್ನುವಲ್ಲಿ ಸ್ವಲ್ಪ ಒತ್ತಿ ಓದಿದೆ. ಓದಿ ನಿಲ್ಲಿಸಿದೆ. ಅವನ ಮುಖ ನೋಡಿದೆ. ಈಗ ತಡವರಿಸುತ್ತಾನೆ, ಅದು ಹಾಗಲ್ಲ ಸರ್ ಅಂತಾನೆ, ಆಗ ನಾನು ಎಕ್ಸೆಲ್ ಶೀಟ್ ತೆಗೀತೀನಿ ಅನ್ನೋದು ನನ್ನ ಲೆಕ್ಕ.

"ಹೌದು ಸರ್, ಲಾಭ. ಅದಕ್ಕೇನೀಗ? ನಾವು ಕೂತಿರೋದೇ ಲಾಭಕ್ಕೆ."

ನನ್ನ ಹತ್ತಿರ ಮುಂದಿನ ಡೈಲಾಗ್ ಇರಲಿಲ್ಲ. ಇದಕ್ಕೆ ರಿಹರ್ಸಲ್ ಮಾಡಿರಲಿಲ್ಲ. ಬೆರಳು ಇನ್ನೂ ಕಾಗದದ ಮೇಲೇ ಇತ್ತು. ಅದನ್ನ ತೆಗೀಬೇಕೋ ಬಿಡಬೇಕೋ ಗೊತ್ತಾಗಲಿಲ್ಲ. ಪಕ್ಕದ ಮೇಜಿನ ಗಂಡ ಹೆಂಡತಿ ಇತ್ತ ತಿರುಗಿ ನೋಡಿದರು. ಹುಡುಗ ಕೀಬೋರ್ಡ್ ನೋಡುತ್ತಾ ಕೂತ. ಆಗ ಆ ಮ್ಯಾನೇಜರ್ ತಿರುಗಿದ. ನನ್ನ ಕಡೆ ಅಲ್ಲ, ನನ್ನ ಹೆಂಡತಿ ಕಡೆ. ತುಂಬಾ ಮೆತ್ತಗೆ, ಕಾಯಿಲೆಯವರನ್ನ ವಿಚಾರಿಸೋ ಧ್ವನಿಯಲ್ಲಿ, "ಮೇಡಂ, ಬಜೆಟ್ ಕಷ್ಟ ಆಗ್ತಿದ್ರೆ ಇದಕ್ಕಿಂತ ಚಿಕ್ಕ ಗಾಡಿ ತೋರಿಸಲಾ?" ಅಂದ.

ಮರ್ಯಾದೆ ಮೂರು ಕಾಸಿಗೆ ಹೋಯಿತು. ಅದೂ ಎಲ್ಲಿ? ಕಾಫಿ ಕುಡೀರಿ, ನೀರು ಕುಡೀರಿ ಅಂತ ಉಪಚಾರ ಮಾಡೋ ಜಾಗದಲ್ಲಿ.

ಆ ಮಾತಿಗೆ ಈಗ ನನ್ನ ಹತ್ತಿರ ಉತ್ತರಗಳ ಗುಡ್ಡವೇ ಇದೆ. ಬಜೆಟ್ ನನಗೆ ಕಷ್ಟ ಇಲ್ಲಪ್ಪ, 999 ಬಿಟ್ಟುಕೊಟ್ಟರೆ ನಿನಗೇನು ಕಷ್ಟ ಹೇಳು ಅನ್ನಬಹುದಿತ್ತು. ತೊಳೆದದ್ದು ಯಾರು, ಹೊಂದಿಸಿದ್ದು ಏನನ್ನ, ತೋರಿಸು ಅನ್ನಬಹುದಿತ್ತು. ಬಾಯಿಂದ ಬಂದಿದ್ದು ಏನು ಗೊತ್ತಾ? "ನೋ ನೋ, ಇಟ್ಸ್ ಓಕೆ." ಥ್ಯಾಂಕ್ಯೂ ಅಂತಲೂ ಸೇರಿಸಿದೆ. ಯಾಕೆ ಥ್ಯಾಂಕ್ಯೂ? ದೇವರಿಗೇ ಗೊತ್ತು. ಹೆಂಡತಿ ಮೇಜಿನ ಕೆಳಗೆ ಮೊಣಕಾಲು ತಟ್ಟಿ "ರೀ, ಬಿಡಿ" ಅಂದಳು. ಅವಳ ಮೇಲೂ ಸಿಟ್ಟು ಬಂತು. ಅವಳೇನು ಮಾಡಿದಳು, ಪಾಪ. ಅವಳನ್ನು ಕೇಳಿದವನು ಅವನು.

ಸರಿ, ಇದಕ್ಕೆ ಕಾನೂನು ಇಲ್ವಾ ಅಂತ ಕೇಳುತ್ತೀರಿ. ಇದೆ! ಅದೇ ನನಗೆ ಜಾಸ್ತಿ ಉರಿಯೋದು. ಆ ಲಾಭದ ಸಾಲು ಡೀಲರ್ ಪ್ರಾಮಾಣಿಕತೆಯಿಂದ ಬರೆದದ್ದಲ್ಲ. ಫ್ಲೋರಿಡಾದ ಕಾನೂನು ಅದನ್ನ ಅಚ್ಚು ಹಾಕಲೇಬೇಕು ಅನ್ನುತ್ತೆ. ಅಚ್ಚು ಹಾಕಿದರೆ ಮುಗೀತು. ಎಷ್ಟು ತಗೋಬಹುದು ಅನ್ನೋದಕ್ಕೆ ಮಿತಿಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದೇ ಶುಲ್ಕಕ್ಕೆ 85 ಡಾಲರ್ ಮಿತಿ. ನ್ಯೂಯಾರ್ಕ್‌ನಲ್ಲಿ 175. ಅಲ್ಲಿನವರೂ ಹೆಸರು ವಿಳಾಸ ಬರೆಯುತ್ತಾರೆ ತಾನೇ? ಅಲ್ಲಿನ ಪ್ರಿಂಟರ್‌ಗೂ ಇಂಕು ಬೇಕು ತಾನೇ? ಕ್ಯಾಲಿಫೋರ್ನಿಯಾದಲ್ಲಿ 85ಕ್ಕೆ ಆಗೋ ಕೆಲಸ ಇಲ್ಲಿ 999 ಯಾಕೆ? ಯಾರಾದರೂ ಒಬ್ಬರು ಉತ್ತರ ಕೊಡಿ. ಡೀಲರ್‌ಶಿಪ್‌ನಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನ ಓದುತ್ತಿದ್ದರೆ ನೀವೇ ಹೇಳಿ. ಬೈಯಲ್ಲ, ಆಣೆ. (ಬೈಯಬಹುದು. ಆದರೂ ಹೇಳಿ.)

ಇನ್ನೂ ಒಂದಿದೆ. ಗ್ರಾಹಕ ಕೊಡಲೇಬೇಕಾದ ಶುಲ್ಕವೆಲ್ಲ ಜಾಹೀರಾತಿನ ಬೆಲೆಯೊಳಗೇ ಸೇರಿರಬೇಕು ಅಂತ ಇದೇ ರಾಜ್ಯದ ಕಾನೂನು. ತೆರಿಗೆ, ನಂಬರ್ ಪ್ಲೇಟ್, ಟೈಟಲ್ ಇಂಥವು ಮಾತ್ರ ಹೊರಗೆ. ಆನ್‌ಲೈನಿನಲ್ಲಿ ಕಂಡ ಬೆಲೆಯ ಸ್ಕ್ರೀನ್‌ಶಾಟ್ ನನ್ನ ಫೋನಲ್ಲಿದೆ. ಮ್ಯಾನೇಜರ್‌ಗೆ ತೋರಿಸಿದೆ ಕೂಡ. "ಅದು ಬೇರೆ ಸ್ಟಾಕ್ ನಂಬರ್ ಸರ್" ಅಂದ. ಅಂದರೆ ಅದು ಬೇರೆ ಗಾಡಿಯಂತೆ. ಆ ಗಾಡಿ ಎಲ್ಲಿ? "ಇವತ್ತು ಬೆಳಿಗ್ಗೆ ಹೋಯ್ತು." ಮೂಗಿಗೆ ತುಪ್ಪ ಸವರಿ ಕರೆಸಿಕೊಂಡಿದ್ದು, ಇನ್ನೇನು. ಮತ್ತೆ ಆ 999ರ ಮೇಲೆ 6 ಪರ್ಸೆಂಟ್ ಸೇಲ್ಸ್ ಟ್ಯಾಕ್ಸ್ ಬೇರೆ. ಅವನ ಲಾಭಕ್ಕೆ ನಾನು ಸುಮಾರು 60 ಡಾಲರ್ ತೆರಿಗೆ ಕಟ್ಟಿ ಬಂದಿದ್ದೇನೆ.

ದೇಶಕ್ಕೆಲ್ಲ ಒಂದು ನಿಯಮ ಬರುವುದರಲ್ಲಿತ್ತು. 2023ರ ಡಿಸೆಂಬರ್‌ನಲ್ಲಿ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಗ್ರಾಹಕರಿಗೆ ಮೋಸ ಆಗದ ಹಾಗೆ ನೋಡಿಕೊಳ್ಳೋ ಕೇಂದ್ರ ಸಂಸ್ಥೆ, 'ಕಾರ್ಸ್ ರೂಲ್' ಅಂತ ತಂದಿತು. ಪೂರ್ತಿ ಬೆಲೆ ಮೊದಲೇ ಹೇಳಿ, ಕಾರಿನ ಮೇಲೆ ಸೇರಿಸಿ ಮಾರೋ, ಪ್ರಯೋಜನವೇ ಇಲ್ಲದ ಆಡ್-ಆನ್‌ಗೆ ದುಡ್ಡು ಕೀಳಬೇಡಿ ಅಂತ. ಮಾಮೂಲಿ ಗಾಳಿಗಿಂತ ಹೆಚ್ಚು ನೈಟ್ರೋಜನ್ ಇಲ್ಲದ ನೈಟ್ರೋಜನ್ ಟೈರು ಅದರಲ್ಲೇ ಕೊಟ್ಟಿದ್ದ ಉದಾಹರಣೆ! 2024ರ ಜುಲೈಗೆ ಜಾರಿಯಾಗಬೇಕಿತ್ತು. ಡೀಲರ್‌ಗಳ ಸಂಘ ಕೋರ್ಟಿಗೆ ಹೋಯಿತು. 2025ರ ಜನವರಿಯಲ್ಲಿ ಫಿಫ್ತ್ ಸರ್ಕ್ಯೂಟ್ ಅನ್ನೋ ಫೆಡರಲ್ ಅಪೀಲು ಕೋರ್ಟು ನಿಯಮವನ್ನೇ ಹೊಡೆದುಹಾಕಿತು. ನಿಯಮ ಕೆಟ್ಟದ್ದು ಅಂತಲ್ಲ. ಅದನ್ನು ಮಾಡುವ ಮುಂಚೆ ಕೊಡಬೇಕಾದ ಒಂದು ಮುನ್ಸೂಚನೆ ಕೊಟ್ಟಿರಲಿಲ್ಲ ಅಂತ. ಅಂದರೆ ಕಾಗದಪತ್ರ ಸರಿ ಇರಲಿಲ್ಲ. ಪಾಪ, ಅವರೂ 999 ಕೊಟ್ಟು ಯಾವುದಾದರೂ ಡೀಲರ್ ಹತ್ತಿರ ಕಾಗದ ಮಾಡಿಸಬೇಕಿತ್ತು.

ಈಗ ಸತ್ಯ ಹೇಳುತ್ತೇನೆ, ನಗಬೇಡಿ. ಆ ಮ್ಯಾನೇಜರ್ ಕಾರಿನ ಬೆಲೆಯಲ್ಲಿ 400 ಡಾಲರ್ ಬಿಟ್ಟ. ತಾನಾಗೇ. "ಫೀ ತೆಗೆಯೋಕಾಗಲ್ಲ, ಅದು ಫಾರ್ಮಲ್ಲಿ ಪ್ರಿಂಟ್ ಆಗಿ ಬಂದಿರುತ್ತೆ, ಎಲ್ಲರಿಗೂ ಒಂದೇ. ಗಾಡಿ ಬೆಲೆಯಲ್ಲಿ ನೋಡೋಣ" ಅಂದ. ಹಾಗಾದರೆ ಆ 400 ಅನ್ನ ಈ ಸಾಲಿನಿಂದಲೇ ಕಳೆ ಮಾರಾಯ, ನಿನಗೆ ಎರಡೂ ಒಂದೇ ಅಲ್ವಾ ಅಂದೆ. ಸಿಸ್ಟಂ ಬಿಡಲ್ವಂತೆ. ಸಿಸ್ಟಂ! ನೈಟ್ರೋಜನ್ ತೆಗೆಯೋಕೆ ಬಿಟ್ಟ ಸಿಸ್ಟಂ ಇದಕ್ಕೆ ಬಿಡಲ್ಲ.

ಗೆಳೆಯನಿಗೆ ಫೋನ್ ಮಾಡಿದರೆ ಅವನದು ಒಂದೇ ಮಾತು. "ಯಾವ ಸಾಲಿನಿಂದ ಹೋದರೇನೋ, ಕೊನೆಯ ಅಂಕಿ ನೋಡು. ಒಟ್ಟು ಬೆಲೆಯಲ್ಲಿ ನಿನಗೆ ಒಳ್ಳೇದೇ ಆಗಿದೆ." ಆಗಿದೆ, ಗೊತ್ತು. ಎಕ್ಸೆಲ್ ಶೀಟ್ ಪ್ರಕಾರ ಹಸಿರು ಬಣ್ಣದಲ್ಲೇ ಇದ್ದೇನೆ. ಬೇರೆ ಡೀಲರ್‌ಗಳ ಅಂಕಿಗಿಂತ ಕಡಿಮೆಗೇ ಬಂದಿದೆ. ಹಾಗಾದರೆ ನಿನಗೇನು ನೋವು ಅಂದ. ಅದನ್ನ ಹೇಗೆ ಹೇಳಲಿ? ಇಡೀ ಕಾರಿನ ಬೆಲೆಯಲ್ಲಿ ಎರಡು ಸಾವಿರ ಜಾಸ್ತಿ ತಗೊಂಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಇಲ್ಲ, ಉರಿಯುತ್ತಿತ್ತು. ಆದರೆ ಬೇರೆ ಥರ. ಇಲ್ಲಿ ಅವನು ಸುಳ್ಳು ಹೇಳಲಿಲ್ಲ ನೋಡಿ. ಸುಳ್ಳು ಹೇಳಿದ್ದರೆ ಹಿಡಿಯಬಹುದಿತ್ತು. ನಿಜವನ್ನೇ ಹೇಳಿ, ನನ್ನ ಕೈಯಲ್ಲೇ ಓದಿಸಿ, ಅದರ ಕೆಳಗೇ ಸೈನ್ ಹಾಕಿಸಿಕೊಂಡ.

ಎದ್ದು ಬರಬಹುದಿತ್ತಲ್ಲ ಅನ್ನೋರಿಗೆ: ಎದ್ದು ಎಲ್ಲಿಗೆ ಹೋಗೋದು? ಇನ್ನೊಬ್ಬ ಡೀಲರ್ ಹತ್ತಿರಕ್ಕೆ. ಅವನ ಫಾರ್ಮಲ್ಲಿ ಇನ್ನೊಂದು ಅಂಕಿ ಪ್ರಿಂಟ್ ಆಗಿರುತ್ತೆ. ಕಂಪನಿಯಿಂದ ನೇರವಾಗಿ ತಗೊಳ್ಳೋಣ ಅಂದರೆ, ಡೀಲರ್ ಇಟ್ಟುಕೊಂಡ ಕಂಪನಿಗಳು ಹಾಗೆ ಮಾರೋದಕ್ಕೆ ಇಲ್ಲಿನ ರಾಜ್ಯಗಳ ಕಾನೂನೇ ಅಡ್ಡ. ನಾಳೆ ವಾಪಸ್ ಕೊಡೋಣ ಅಂದರೆ, ಮೂರು ದಿನದೊಳಗೆ ಮನಸ್ಸು ಬದಲಾಯಿಸಬಹುದು ಅನ್ನೋ ಫೆಡರಲ್ ನಿಯಮ ಮನೆ ಬಾಗಿಲಿಗೆ ಬಂದು ಮಾರಿದ ವಸ್ತುವಿಗೆ ಇದೆ. ಶೋರೂಮಿಗೆ ನಾವೇ ನಡೆದು ಹೋಗಿ ಕೊಂಡ ಕಾರಿಗಿಲ್ಲ.

ಆಮೇಲೆ ಫೈನಾನ್ಸ್ ರೂಮು. ಅದರ ಬಗ್ಗೆ ಬರೆಯುವ ಶಕ್ತಿ ಇಲ್ಲ. ಎಕ್ಸ್‌ಟೆಂಡೆಡ್ ವಾರಂಟಿ, ಗ್ಯಾಪ್ ಇನ್ಶೂರೆನ್ಸ್, ಟೈರು, ಚಕ್ರ, ಕೀಲಿ ಕಳೆದರೆ ಅದಕ್ಕೊಂದು ಪ್ಲಾನು. ಎಲ್ಲದಕ್ಕೂ ಬೇಡ ಅಂದೆ. ಪ್ರತಿ ಬೇಡಕ್ಕೂ ಅಲ್ಲಿದ್ದವನು ಒಂದು ಸಲ ನಿಟ್ಟುಸಿರು ಬಿಟ್ಟ. ನನ್ನ ಬಡ್ಡಿ ದರ ಬ್ಯಾಂಕ್ ಕೊಟ್ಟಿದ್ದಾ, ಇವರು ಮೇಲೆ ಸೇರಿಸಿದ್ದಾ ಅಂತ ಕೇಳಬೇಕಿತ್ತು. ಸೇರಿಸುವ ಪದ್ಧತಿ ಇದೆ, ಓದಿದ್ದೆ. ಶೀಟಿನಲ್ಲಿ ಕೆಂಪು ಬಣ್ಣದಲ್ಲಿ ಬರೆದೂ ಇಟ್ಟುಕೊಂಡಿದ್ದೆ. ಆದರೆ ಮತ್ತೆ ಯಾರಾದರೂ "ಹೌದು ಸರ್, ಅದಕ್ಕೇನೀಗ?" ಅಂದರೆ ಅಂತ ಸುಮ್ಮನಾದೆ.

ಫ್ಲೋರಿಡಾದಲ್ಲಿ ಈ ಸಾಲನ್ನ ಸೊನ್ನೆ ಮಾಡಿಸಿಕೊಂಡು ಬಂದವರು ಯಾರಾದರೂ ಇದ್ದೀರಾ? ಕಾರಿನ ಬೆಲೆಯಲ್ಲಿ ಕಡಿಮೆ ಮಾಡಿಸಿಕೊಂಡೆ ಅನ್ನೋರು ದಯವಿಟ್ಟು ಬರಬೇಡಿ, ಅದು ನನಗೂ ಬರುತ್ತೆ. ಆ ಸಾಲೇ ಸೊನ್ನೆ ಆಗಿರಬೇಕು. ಇದ್ದರೆ ಏನು ಮಾತಾಡಿದಿರಿ, ಅವನು "ಅದಕ್ಕೇನೀಗ" ಅಂದಾಗ ಏನಂದಿರಿ, ಪದ ಪದ ಬರೆಯಿರಿ. ಯಾರೂ ಇಲ್ಲ ಅಂದರೆ ಅದನ್ನಾದರೂ ಹೇಳಿ, ನಿದ್ದೆ ಬರುತ್ತೆ.

ಇದನ್ನ ಬರೆಯುವಾಗಲೇ ಆ ಹುಡುಗನಿಂದ ಮೆಸೇಜ್ ಬಂತು. ಸರ್ವೆ ಕಳಿಸಿದ್ದಾನೆ. ಎಲ್ಲದಕ್ಕೂ 10 ಕೊಡಿ ಸರ್, 9 ಕೊಟ್ಟರೂ ನನಗೆ ಫೇಲ್ ಅಂತಲೇ ಲೆಕ್ಕ ಅಂದಿದ್ದಾನೆ. 1 ಹಾಕೋಣ ಅಂತಲೇ ತೆರೆದೆ. ಹುಡುಗ ನಗುಮುಖದಿಂದ ಸ್ವಾಗತಿಸಿದನೇ, ಬ್ಲೂಟೂತ್ ಜೋಡಿಸಿ ಕೊಟ್ಟನೇ, ಕೂತ ಜಾಗ ಚೊಕ್ಕಟವಾಗಿತ್ತೇ, ಕಾಫಿ ಕೊಟ್ಟರೇ. ಕೆಳಗಿನ ತನಕ ಹುಡುಕಿದೆ. ಶುಲ್ಕದ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ಮ್ಯಾನೇಜರ್ ಬಗ್ಗೆಯೂ ಇಲ್ಲ. ಹುಡುಗನಿಗೆ ಎಲ್ಲ 10 ಹಾಕಿ ಕಳಿಸಿದೆ.