ಸಮಸ್ಯೆ ಕಂಡುಬಂದಿಲ್ಲ ಸರ್

ಆಗುಂಬೆ ಘಾಟಿ. ಎದುರಿಗೆ ಮಿನಿ ಬಸ್ಸು, ಹಿಂದೆ ಮಲ್ಪೆಯಿಂದ ಮೀನು ಹೊತ್ತು ತೀರ್ಥಹಳ್ಳಿ ಕಡೆ ಹೊರಟ ಟೆಂಪೋ. ನಡುವೆ ನಾನು ಮತ್ತು ನವರಾತ್ರಿಗೆ ತಗೊಂಡ ನನ್ನ ಹೊಸ ಅಡ್ವೆಂಚರ್ ಬೈಕು. 14 ಹೇರ್‌ಪಿನ್ ತಿರುವುಗಳಲ್ಲಿ ನಾಲ್ಕನೆಯದೋ ಐದನೆಯದೋ ಇರಬೇಕು. ಎಡಕ್ಕೆ ಹತ್ತುವ ತಿರುವು. ಬಸ್ಸಿನವರು ನಡೆಯುವಷ್ಟು ನಿಧಾನ ಮಾಡಿದರು. ನಾನು ಫಸ್ಟ್ ಗೇರ್, ಅರ್ಧ ಕ್ಲಚ್, ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ.

ಗಾಡಿ ಆಫ್.

ಕೆಮ್ಮಲಿಲ್ಲ, ಜರ್ಕ್ ಹೊಡೆಯಲಿಲ್ಲ. ಯಾರೋ ಕೈ ಹಾಕಿ ಆರಿಸಿದ ಹಾಗೆ ನಿಂತೇ ಹೋಯಿತು. ಮೀಟರಿನ ದೀಪ ಮಾತ್ರ ನಿರಾಳವಾಗಿ ಉರಿಯುತ್ತಿತ್ತು. ಲಗೇಜು ಸೇರಿ ಇನ್ನೂರು ಕಿಲೋ ಹತ್ತಿರದ ಗಾಡಿ ಹಿಂದಕ್ಕೆ ಜಾರತೊಡಗಿತು. ಇಂಥ ಬೈಕುಗಳ ಸೀಟು ಎತ್ತರ, ನನ್ನ ಕಾಲು ಗಿಡ್ಡ, ಜಲ್ಲಿಯ ಮೇಲೆ ಬೂಟು ನಿಲ್ಲಲಿಲ್ಲ. ನಾನೂ ಗಾಡಿಯೂ ಒಟ್ಟಿಗೆ ಬದಿಗೆ ಮಲಗಿದೆವು. ಟೆಂಪೋದವ ಬ್ರೇಕ್ ಹಾಕಿದ, ಪುಣ್ಯ. ಇಳಿದು ಬಂದು ಗಾಡಿ ಎತ್ತಿಕೊಟ್ಟ, ನಂಬರ್ ಪ್ಲೇಟ್ ನೋಡಿದ, ‘ಎಂತ ಮಾರಾಯ್ರೆ, ಹೊಸ ಗಾಡಿ ಅಲ್ವಾ ಇದು?’ ಅಂದ.

ಸೆಲ್ಫ್ ಒತ್ತಿದೆ. ಮೊದಲ ಒತ್ತಿಗೇ ಸ್ಟಾರ್ಟ್! ಸ್ಟಾರ್ಟ್ ಆಗದಿದ್ದರೆ ಇಷ್ಟು ಅವಮಾನ ಆಗುತ್ತಿರಲಿಲ್ಲ.

ಇದು ಮೊದಲ ಸಲವೇನೂ ಅಲ್ಲ. ಗಾಡಿ ಬಂದು ಮೂರು ವಾರಕ್ಕೇ ಮಣಿಪಾಲದ ಪಾರ್ಕಿಂಗಿನಲ್ಲಿ ತಿರುಗಿಸುವಾಗ ಒಮ್ಮೆ ಹೀಗೇ ಆಗಿತ್ತು. ನನ್ನದೇ ಕ್ಲಚ್ ತಪ್ಪು ಅಂದುಕೊಂಡೆ. ಅಂಬಲಪಾಡಿಯಲ್ಲಿ ಯೂ ಟರ್ನ್ ತೆಗೆಯುವಾಗ ಇನ್ನೊಮ್ಮೆ. ಬೆಳಗ್ಗೆ ಅಂಗಳದಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಗಾಡಿಗೆ ಸೆಲ್ಫ್ ಹೊಡೆದರೆ ಕೆಲವೊಮ್ಮೆ ಕ್ಲಿಕ್ ಕೂಡ ಇಲ್ಲ. ಹತ್ತಿ ಕೂತು ನೇರ ಮಾಡಿದರೆ ಸರಿ. ಅಪ್ಪ ಜಗುಲಿಯಲ್ಲಿ ಪೇಪರ್ ಓದುತ್ತಾ ತಲೆ ಎತ್ತದೆ, ‘ಪೆಟ್ರೋಲ್ ಉಂಟಾ ನೋಡು ಮಗಾ’ ಅನ್ನುತ್ತಿದ್ದರು. ಅವರ ಹಳೇ ಸ್ಪ್ಲೆಂಡರ್‌ಗೆ ಆ ಪ್ರಶ್ನೆ ಸಾಕಾಗುತ್ತಿತ್ತು. ಚೋಕ್ ಎಳಿ, ಪೆಟ್ರೋಲ್ ಟ್ಯಾಪ್ ರಿಸರ್ವ್‌ಗೆ ತಿರುಗಿಸು, ಮಳೆಗಾಲದಲ್ಲಿ ಪ್ಲಗ್ ತೆಗೆದು ಕರ್ಚೀಫಿನಲ್ಲಿ ಒರೆಸು. ಹಳೆಯದೇ ಚಂದ ಇತ್ತು ಅಂತ ಹೇಳುತ್ತಿಲ್ಲ. ಅದೂ ಜೋರು ಮಳೆಗೆ ಕಟಪಾಡಿಯ ಹತ್ತಿರ ನಿಂತು ಎಷ್ಟೋ ಸಲ ನಮ್ಮನ್ನು ನೆನೆಸಿದೆ. ಆದರೆ ಏನು ಹಾಳಾಗಿದೆ ಅಂತ ಕಣ್ಣಿಗೆ ಕಾಣುತ್ತಿತ್ತು. ಅಮ್ಮನ ಪ್ರಕಾರ ದೃಷ್ಟಿ. ಲಿಂಬೆಹಣ್ಣು ಕಟ್ಟಿದ್ದೂ ಆಯಿತು.

ಇನ್ನು ಸರ್ವೀಸ್ ಸೆಂಟರಿನ ಕಥೆ. ಕಂಪನಿಯ ಹೆಸರು ಕೇಳಬೇಡಿ, ಹೇಳುವುದಿಲ್ಲ. ಐದು ಸಲ ಹೋದೆ, ಐದು ಸಲವೂ ಬೇರೆ ಬೇರೆ ಅಪರಾಧಿ ಸಿಕ್ಕಿದ.

ಮೊದಲನೆಯದು ಪೆಟ್ರೋಲ್. ‘ಈಗೆಲ್ಲ ಇ20 ಅಲ್ವಾ ಸರ್, ಎಲ್ಲರದ್ದೂ ಹೀಗೇ.’ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಸೇರಿಸುವುದನ್ನು ಎಲ್ಲ ಕಾಯಿಲೆಗೂ ಕಾರಣ ಮಾಡುವುದು ಈಗ ಸುಲಭವಾಗಿದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಪೆಟ್ರೋಲಿಗಿಂತ ಅದರಲ್ಲಿ ಶಕ್ತಿ ಕಡಿಮೆ, ಹಾಗಾಗಿ ಮೈಲೇಜು ಇಳಿಯುತ್ತದೆ, ಹಳೇ ಗಾಡಿಗಳ ರಬ್ಬರ್ ಪೈಪುಗಳಿಗೆ ಒಳ್ಳೆಯದಲ್ಲ. ಎಲ್ಲ ನಿಜ. ಆದರೆ ನನ್ನ ಗಾಡಿಯ ಟ್ಯಾಂಕಿನ ಮೇಲೇ ಇ20 ಅಂತ ಸ್ಟಿಕ್ಕರ್ ಉಂಟು. ಇ20ಗೆಂದೇ ಮಾಡಿದ ಗಾಡಿಗೆ ಇ20 ಹಾಕಿದ್ದೇ ತಪ್ಪಾದರೆ ನಾನು ಇನ್ನೆಂತ ಹಾಕಬೇಕು, ಎಳನೀರಾ?

ಎರಡನೇ ಸಲ ಸಿಕ್ಕ ಅಪರಾಧಿ ನಾನೇ. ‘ಲೋ ಆರ್‌ಪಿಎಮ್‌ನಲ್ಲಿ ಓಡಿಸ್ತೀರಿ ಸರ್.’ ಈ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಒಂದೇ ಸಿಲಿಂಡರ್, ದೊಡ್ಡ ಪಿಸ್ಟನ್, ಹೆಚ್ಚು ಕಂಪ್ರೆಷನ್ ಇರುವ ಇಂಜಿನ್‌ಗಳು ಕೆಳಗಿನ ವೇಗದಲ್ಲಿ ತಪ್ಪು ಗೇರಿನಲ್ಲಿದ್ದರೆ ಟಕಟಕ ಹೊಡೆದು ನಿಲ್ಲುತ್ತವೆ. ಹೊಗೆಯ ನಿಯಮ ಬಿಗಿಯಾದ ಮೇಲೆ ಐಡ್ಲಿಂಗಿನಲ್ಲಿ ಇಂಧನವನ್ನೂ ಅಳೆದು ತೂಗಿ ಬಿಡುತ್ತಾರೆ. ಆದರೆ ಹಾಗೆ ನಿಲ್ಲುವ ಗಾಡಿ ನಿಲ್ಲುವ ಮೊದಲು ಒದ್ದಾಡುತ್ತದೆ. ನನ್ನದು ಒದ್ದಾಡಲಿಲ್ಲ ಅಂತ ಮೂರು ಸಲ ಹೇಳಿದೆ. ಅವರು ಬರೆದುಕೊಂಡದ್ದು ‘ಸ್ಟಾಲಿಂಗ್’ ಅಂತ ಒಂದೇ ಶಬ್ದ. ಇಂಜಿನ್‌ಗೆ ಹೋಗುವ ಗಾಳಿಯನ್ನು ಅಳೆದು ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿ ಕಳುಹಿಸಿದರು.

ಮೂರನೆಯದು ನಾನು ಹೊರಗೆ ಹಾಕಿಸಿದ್ದ ಫಾಗ್ ಲೈಟ್. ಇದರಲ್ಲಿ ನನ್ನ ತಪ್ಪು ಉಂಟು, ಒಪ್ಪುತ್ತೇನೆ. ವಾರಂಟಿ ಇರುವ ಗಾಡಿಯ ವೈರಿಂಗಿಗೆ ಹೊರಗಿನವರ ಕೈಯಲ್ಲಿ ಜಾಯಿಂಟ್ ಹಾಕಿಸಬಾರದು. ಬಿಚ್ಚಿ ಮನೆಗೆ ತಂದೆ. ಗಾಡಿ ನಿಲ್ಲುವುದು ನಿಲ್ಲಲಿಲ್ಲ. ನಾಲ್ಕನೇ ಸಲ ಸಾಫ್ಟ್‌ವೇರ್ ಅಪ್‌ಡೇಟ್. ಐದನೇ ಸಲ, ಸ್ಟ್ಯಾಂಡ್ ಇಳಿದಿರುವಾಗ ಗೇರ್ ಹಾಕಿದರೆ ಇಂಜಿನ್ ಆರಿಸುವ ಸೈಡ್ ಸ್ಟ್ಯಾಂಡ್ ಸೆನ್ಸರ್ ಬದಲಿಸಿದರು. ಅದು ಕಳ್ಳನ ಪಕ್ಕದ ಮನೆಯ ಬಾಗಿಲು ತಟ್ಟಿದ ಹಾಗೆ ಅಂತ ಆಮೇಲೆ ಗೊತ್ತಾಯಿತು.

ಪ್ರತಿ ಸಲವೂ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷ ಓದುವ ಸ್ಕ್ಯಾನರ್ ಹಾಕಿದರು, ಎರರ್ ಕೋಡ್ ಇಲ್ಲ. ಒಬ್ಬ ಹುಡುಗ ಹೆದ್ದಾರಿ 66ರಲ್ಲಿ ಎಂಬತ್ತರಲ್ಲಿ ಹೋಗಿ ಬರುತ್ತಿದ್ದ, ಗಾಡಿ ಸಕ್ಕತ್ ಉಂಟು ಅನ್ನುತ್ತಿದ್ದ. ಮಾಡಿದ ಕೆಲಸ ಬರೆದುಕೊಡುವ ಜಾಬ್ ಕಾರ್ಡಿನ ಕೆಳಗೆ ಒಂದೇ ಸಾಲು: ಸಮಸ್ಯೆ ಕಂಡುಬಂದಿಲ್ಲ.

ಈ ಗಾಡಿಯವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದರೆ ಅಲ್ಲಿ ಇನ್ನೊಂದು ರಗಳೆ. ಕಂಪನಿಯವರಿಗಿಂತ ಕಂಪನಿಯ ಮೇಲೆ ಅಭಿಮಾನ ಇರುವವರು ಹೆಚ್ಚು. ‘ಬ್ರೋ, ನಂದು ಹದಿನೈದು ಸಾವಿರ ಓಡಿದೆ, ಒಂದು ಪ್ರಾಬ್ಲಮ್ ಇಲ್ಲ.’ ಸಂತೋಷ. ನಿಮ್ಮ ಬಿಪಿ ನಾರ್ಮಲ್ ಇದ್ದರೆ ನನ್ನದು ಇಳಿಯುತ್ತದಾ? ಇಬ್ಬರು ಮಾತ್ರ ಖಾಸಗಿಯಾಗಿ ಮೆಸೇಜ್ ಮಾಡಿದರು, ತಮ್ಮದೂ ಹೀಗೇ ಆಗುತ್ತದೆ ಅಂತ. ಗ್ರೂಪಿನಲ್ಲಿ ಬರೆಯಲು ಅವರಿಗೆ ಮುಜುಗರ. ಮೂರೂವರೆ ಲಕ್ಷ ಕೊಟ್ಟ ಮೇಲೆ ಗಾಡಿ ಸರಿ ಇಲ್ಲ ಎಂದು ಹೇಳುವುದು, ಮದುವೆಯಾದ ಹೊಸತರಲ್ಲಿ ಜಗಳ ಅಂತ ಹೇಳಿಕೊಂಡ ಹಾಗೆ.

ಕೊನೆಗೆ ಗೆಳೆಯನೊಬ್ಬ ಕಾಪು ಕಡೆಯ ಒಬ್ಬ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದ. ಅರುವತ್ತು ದಾಟಿದವರು, ಮೊದಲು ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದರಂತೆ. ಲ್ಯಾಪ್‌ಟಾಪ್ ಇಲ್ಲ, ಸ್ಕ್ಯಾನರ್ ಇಲ್ಲ. ನಾನು ಇ20, ಥ್ರಾಟಲ್ ಬಾಡಿ, ಇಸಿಯು (ಗಾಡಿಯ ಕಂಪ್ಯೂಟರ್) ಎಲ್ಲ ಹೇಳಿ ಮುಗಿಸುವವರೆಗೆ ಸುಮ್ಮನೆ ಕೇಳಿದರು. ಆಮೇಲೆ ಒಂದು ಪ್ರಶ್ನೆ:

‘ಆಫ್ ಆಗುವಾಗ ಹ್ಯಾಂಡಲ್ ಎಲ್ಲಿತ್ತು?’

ಐದು ಸಲ, ನಾಲ್ಕು ಜನ ಅಡ್ವೈಸರ್‌ಗಳು, ಯಾರೂ ಇದನ್ನು ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ಪಾರ್ಕಿಂಗ್, ಯೂ ಟರ್ನ್, ಆಗುಂಬೆಯ ತಿರುವು, ಸೈಡ್ ಸ್ಟ್ಯಾಂಡ್ ಹಾಕಿ ಎಡಕ್ಕೆ ಹೊರಳಿಸಿಟ್ಟ ಹ್ಯಾಂಡಲ್. ನಿಂತಲ್ಲೇ ಮೈ ಜುಂ ಅಂದಿತು.

ಅವರು ಗಾಡಿ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟರು. ಹ್ಯಾಂಡಲನ್ನು ಬಲಕ್ಕೆ ಪೂರ್ತಿ ತಿರುಗಿಸಿದರು, ಏನಿಲ್ಲ. ಎಡಕ್ಕೆ ನಿಧಾನ ತಂದರು. ಇನ್ನು ಎರಡು ಬೆರಳು ಬಾಕಿ ಅನ್ನುವಾಗ ಆಫ್. ನೇರ ಮಾಡಿ ಸೆಲ್ಫ್, ಸ್ಟಾರ್ಟ್. ಮತ್ತೆ ಎಡಕ್ಕೆ, ಆಫ್. ಮೂರನೇ ಸಲವೂ ಅದೇ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಹೆಡ್‌ಲೈಟಿನ ಹಿಂದೆ ಕೈ ತೂರಿಸಿದರು. ಬಲಗೈ ಹಿಡಿಕೆಯ ಸ್ವಿಚ್‌ಗಳಿಂದ ಬರುವ ವೈರುಗಳ ಕಟ್ಟನ್ನು ಫ್ಯಾಕ್ಟರಿಯಲ್ಲೇ ಪ್ಲಾಸ್ಟಿಕ್ ಟೈ ಹಾಕಿ ಬಿಗಿದಿದ್ದರು. ಸಡಿಲವೇ ಇಲ್ಲ. ಎಡಕ್ಕೆ ತಿರುಗಿಸಿದಾಗೆಲ್ಲ ಅದು ವೀಣೆಯ ತಂತಿಯ ಹಾಗೆ ಎಳೆದುಕೊಳ್ಳುತ್ತಿತ್ತು. ಅದರಲ್ಲಿ ಒಂದು ವೈರನ್ನು ಅವರು ಉಗುರಿನಿಂದ ಮಡಚಿ ತೋರಿಸಿದರು. ಹೊರಗಿನ ಪ್ಲಾಸ್ಟಿಕ್ ಸರಿಯಾಗಿಯೇ ಇತ್ತು, ಆದರೆ ಒಂದು ಜಾಗದಲ್ಲಿ ಮಾತ್ರ ಬತ್ತಿಯ ಹಾಗೆ ಮೆತ್ತಗೆ ಬಾಗುತ್ತಿತ್ತು. ‘ಒಳಗೆ ತಾಮ್ರ ತುಂಡಾಗಿದೆ. ನಾಲ್ಕೈದು ಎಳೆ ಹಿಡಿದುಕೊಂಡಿರಬಹುದು ಅಷ್ಟೆ. ಅದಕ್ಕೇ ಒಮ್ಮೆ ಆಗುವುದು, ಒಮ್ಮೆ ಆಗದೆ ಇರುವುದು.’

ಅದು ಕಿಲ್ ಸ್ವಿಚ್‌ನ ವೈರು. ಬಲಗೈ ಹತ್ತಿರ ಇರುವ ಕೆಂಪು ಗುಂಡಿ, ಇಂಜಿನ್ ಆರಿಸುವುದಕ್ಕೆ. ಅದರ ಸಂಪರ್ಕ ತಪ್ಪಿದರೆ ಗಾಡಿಯ ಕಂಪ್ಯೂಟರಿಗೆ ಗೊತ್ತಾಗುವುದು ಇಷ್ಟೇ: ಸವಾರ ತಾನೇ ಆಫ್ ಮಾಡಿದ್ದಾನೆ. ಅದರ ಲೆಕ್ಕದಲ್ಲಿ ಇದು ದೋಷವೇ ಅಲ್ಲ, ಆಜ್ಞೆ. ಮತ್ತೆ ಎರರ್ ಕೋಡ್ ಎಲ್ಲಿಂದ ಬರಬೇಕು? ಸ್ಕ್ಯಾನರ್ ಸುಳ್ಳು ಹೇಳಲಿಲ್ಲ. ಸ್ಕ್ಯಾನರ್ ಹೇಳದೆ ಇದ್ದದ್ದು ಇಲ್ಲವೇ ಇಲ್ಲ ಅಂತ ತಿಳಿದುಕೊಂಡವರದ್ದು ತಪ್ಪು. ಟೆಸ್ಟ್ ರೈಡಿನ ಹುಡುಗನಿಗೆ ನೇರ ಹೆದ್ದಾರಿಯಲ್ಲಿ ಅದು ಸಿಗುವುದು ಹೇಗೆ? ಎಂಬತ್ತರಲ್ಲಿ ಹೋಗುವಾಗ ಹ್ಯಾಂಡಲನ್ನು ಯಾರೂ ಅಷ್ಟು ತಿರುಗಿಸುವುದಿಲ್ಲ, ತಿರುಗಿಸಿದರೆ ಹೇಳಲು ವಾಪಸ್ ಬರುವುದಿಲ್ಲ.

‘ಈಗಲೇ ಜಾಯಿಂಟ್ ಮಾಡಿಕೊಡಿ ಅಣ್ಣ’ ಅಂದೆ. ‘ನಾನು ಕತ್ತರಿ ಹಾಕಿದರೆ ನಿಮ್ಮ ವಾರಂಟಿ ಹೋಯಿತು. ವೀಡಿಯೊ ಮಾಡಿ, ತಕೊಂಡು ಹೋಗಿ ಅವರಿಗೇ ತೋರಿಸಿ.’ ದುಡ್ಡು ಮುಟ್ಟಲಿಲ್ಲ. ಒಂದು ಚಾ ಕುಡಿದರು, ಅದೂ ಅರ್ಧ.

ವೀಡಿಯೊ ನೋಡಿದ ಸರ್ವೀಸ್ ಸೆಂಟರಿನವರು ವಾದ ಮಾಡಲಿಲ್ಲ. ಹನ್ನೊಂದು ದಿನ ಕಾಯಿಸಿ ವೈರಿಂಗ್ ಕಿಟ್ ಪೂರ್ತಿ ಹೊಸದು ಹಾಕಿಕೊಟ್ಟರು, ವಾರಂಟಿಯಲ್ಲೇ. ಗಾಡಿ ತರಲು ಖುಷಿಯಿಂದ ಹೋದೆ. ಜಾಬ್ ಕಾರ್ಡ್ ನೋಡುತ್ತೇನೆ: ‘ಗ್ರಾಹಕರ ಕೋರಿಕೆಯಂತೆ ವೈರಿಂಗ್ ಬದಲಿಸಲಾಗಿದೆ.’

ನನ್ನ ಕೋರಿಕೆ! ನಾನೇನು ಮದುವೆಮನೆಯಲ್ಲಿ ಹೋಳಿಗೆ ಇನ್ನೊಂದು ಹಾಕಿ ಅಂತ ಕೇಳಿದ್ದೆನಾ?

ಗಾಡಿ ಹಾಳಾದದ್ದಕ್ಕೆ ನನಗೆ ಅಂಥ ಸಿಟ್ಟಿಲ್ಲ. ಹೊಸ ಮಾಡೆಲು, ಸಾವಿರಾರು ಬಿಡಿಭಾಗ, ಎಲ್ಲೋ ಒಬ್ಬರು ಟೈ ಬಿಗಿದದ್ದು ಹೆಚ್ಚಾಯಿತು. ನನ್ನ ಜಗಳ ಇರುವುದು ಈ ಕಾಗದದ ಜೊತೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ 110ಎ ಅಂತ ಒಂದು ಸೆಕ್ಷನ್ ಸೇರಿಸಿದರು. ಒಂದು ಮಾದರಿಯ ವಾಹನದಲ್ಲಿ ಸವಾರರಿಗೆ ಅಪಾಯ ತರುವ ದೋಷ ಇದೆ ಅಂತ ನಿಗದಿಯಾದ ಪ್ರಮಾಣದ ಮಾಲೀಕರು ತಿಳಿಸಿದರೆ, ಅಥವಾ ಪರೀಕ್ಷಾ ಸಂಸ್ಥೆಯಿಂದಲೋ ಬೇರೆ ಮೂಲದಿಂದಲೋ ಗೊತ್ತಾದರೆ, ಕೇಂದ್ರ ಸರ್ಕಾರ ಆ ಗಾಡಿಗಳನ್ನು ವಾಪಸ್ ಕರೆಸಿ ಸರಿಮಾಡಿಸಲು ಕಂಪನಿಗೆ ಹೇಳಬಹುದು. ಅಂದರೆ ದೂರುಗಳ ಲೆಕ್ಕ ಮುಖ್ಯ. ಪ್ರತಿ ಊರಿನಲ್ಲೂ ‘ಕಂಡುಬಂದಿಲ್ಲ’, ‘ಗ್ರಾಹಕರ ಕೋರಿಕೆ’ ಅಂತ ಬರೆಯುತ್ತಾ ಹೋದರೆ ಲೆಕ್ಕ ಸೊನ್ನೆಯಲ್ಲೇ ಇರುತ್ತದೆ. ನನಗೆ ಮೆಸೇಜ್ ಮಾಡಿದ ಆ ಇಬ್ಬರ ಗಾಡಿಗೂ ಇದೇ ಟೈ ಇದ್ದರೆ? ಅವರ ಹಿಂದೆ ಬರುವ ಟೆಂಪೋದವ ಬ್ರೇಕ್ ಹಾಕದಿದ್ದರೆ?

ಗ್ರಾಹಕ ಆಯೋಗಕ್ಕೆ ಹೋದರೂ ಇದೇ ಕಾಗದ ಬೇಕು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹೋಗಬೇಕು. ದೋಷ ಇದೆಯೋ ಇಲ್ಲವೋ ಗೊತ್ತಾಗದಿದ್ದರೆ ಆಯೋಗ ಲ್ಯಾಬಿಗೆ ಕಳುಹಿಸಬಹುದು, ಮೊದಲು ಅದರ ಖರ್ಚು ಕಟ್ಟುವುದು ದೂರು ಕೊಟ್ಟವರು. ಅಲ್ಲಿಯವರೆಗೆ ಹೋಗುವ ಮನಸ್ಸಿಲ್ಲದವರಿಗೆ 1915 ಗ್ರಾಹಕ ಸಹಾಯವಾಣಿ ಉಂಟು. ನನಗೂ ಕೋರ್ಟಿಗೆ ಹೋಗುವ ಚಟ ಇಲ್ಲ. ಆದರೆ ಜಾಬ್ ಕಾರ್ಡಿನಲ್ಲಿ ಐದು ಸಲ ‘ಕಂಡುಬಂದಿಲ್ಲ’ ಅಂತ ಇದ್ದರೆ, ನಾನು ಸುಮ್ಮನೆ ಐದು ಸಲ ಅವರ ಎಸಿ ಹಾಲಿನಲ್ಲಿ ಕೂತು ಕಾಫಿ ಕುಡಿದು ಬಂದೆ ಅಂತಲೇ ಅರ್ಥ.

ಹಾಗಾಗಿ ಅವತ್ತು ಸಹಿ ಹಾಕಲಿಲ್ಲ. ಅಡ್ವೈಸರ್ ಹುಡುಗ ಪಾಪ, ‘ಸಿಸ್ಟಮ್‌ನಲ್ಲಿ ಆಪ್ಶನ್ ಇಲ್ಲ ಸರ್’ ಅಂದ. ‘ಪೆನ್ನಿನಲ್ಲಿ ಉಂಟಲ್ಲ’ ಅಂದೆ. ಮುಕ್ಕಾಲು ಗಂಟೆ ಬೇಕಾಯಿತು. ಮ್ಯಾನೇಜರ್ ಬಂದರು, ಯಾರಿಗೋ ಫೋನ್ ಮಾಡಿದರು, ಕೊನೆಗೆ ಕೆಳಗೆ ಕೈಯಲ್ಲಿ ಬರೆದು ಸೀಲ್ ಹಾಕಿದರು: ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಇಂಜಿನ್ ನಿಲ್ಲುತ್ತಿತ್ತು, ಕಿಲ್ ಸ್ವಿಚ್ ವೈರ್ ತುಂಡಾಗಿದ್ದದ್ದು ಕಂಡುಬಂದಿದೆ. ‘ಕಂಡುಬಂದಿದೆ’ ಅನ್ನುವ ಶಬ್ದವನ್ನು ನಾನು ಎರಡು ಸಲ ಓದಿದೆ. ಫೋಟೊ ತೆಗೆದು ಮೇಲ್ ಮಾಡಿದೆ, ಕಂಪನಿಗೂ, ಆ ಇಬ್ಬರಿಗೂ.

ನಿಮ್ಮದೂ ಕಾರಣ ಇಲ್ಲದೆ ಆಫ್ ಆಗುವ ಗಾಡಿ ಆಗಿದ್ದರೆ, ಯಾವ ಕಂಪನಿಯದ್ದೇ ಇರಲಿ, ಬಯಲಲ್ಲಿ ನ್ಯೂಟ್ರಲ್ ಹಾಕಿ ಸ್ಟಾರ್ಟ್ ಮಾಡಿ ಹ್ಯಾಂಡಲ್ ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ. ಒಳಗಿನ ಕೋಣೆಯಲ್ಲಿ ಮಾಡಬೇಡಿ, ಹೊಗೆ. ನಿಂತರೆ ವೀಡಿಯೊ ತೆಗೆದು ಕಾಮೆಂಟಿನಲ್ಲಿ ಹಾಕಿ, ಖಾಸಗಿಯಾಗಿ ಬೇಡ, ಎಲ್ಲರಿಗೂ ಕಾಣಲಿ.

ಭಾನುವಾರ ಬೆಳಗ್ಗೆ ಮತ್ತೆ ಆಗುಂಬೆಗೆ ಹೊರಟಿದ್ದೇನೆ. ಎಡ ತಿರುವು ಬಂದಾಗ ಈಗಲೂ ಬಲಗಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ, ಅದನ್ನು ಬಿಡಿಸಿಕೊಳ್ಳಬೇಕು. ಬರುವವರಿದ್ದರೆ ಹೆಬ್ರಿಯಲ್ಲಿ ಸಿಗಿ, ಚಾ ನನ್ನದು.